ಡಬ್ಲಿನ್‌ನಲ್ಲಿ ಮನೆ ಈಗಲೇ ತೆಗೆದುಕೊಳ್ಳುವುದಾ, ರೇಟು ಬೀಳುವವರೆಗೆ ಕಾಯುವುದಾ?

ಪೆರ್ಲ, ಈಗ ಡಬ್ಲಿನ್

ನಮ್ಮ ಕಾಸರಗೋಡಿನವರಿಗೆಲ್ಲ ನಮಸ್ಕಾರ. ಐರ್ಲೆಂಡಿನಿಂದ ರಜೆಯಲ್ಲಿ ಊರಿಗೆ ಬಂದಿದ್ದೇನೆ. ಅಮ್ಮ ಅಂಗಳದಲ್ಲಿ ಹರಡಿದ ಅಡಿಕೆಯನ್ನು ಕಾಲಿನಿಂದ ಸರಿಸಿ ಮಗುಚುತ್ತಿದ್ದಾರೆ, ನಾನು ಚಾವಡಿಯಲ್ಲಿ ಕೂತು ಡಬ್ಲಿನ್‌ನ ಏಜೆಂಟ್ ಕಳಿಸಿದ ಮೆಸೇಜ್ ನೋಡುತ್ತಿದ್ದೇನೆ. ಲುಕಾನ್ ಹತ್ತಿರ ಮೂರು ಬೆಡ್‌ರೂಮಿನ ಹಳೆ ಮನೆ. ಕೇಳಿದ ಬೆಲೆ 3,95,000 ಯೂರೋ. ಮೊನ್ನೆ ಬಿಡ್ 4,18,000 ಆಗಿತ್ತು. ಇವತ್ತು 4,41,000. ಇನ್ನೂ ಏರಿಸುತ್ತೀರಾ ಎಂದು ಕೇಳಿದ್ದಾರೆ.

ಐದು ವರ್ಷದಲ್ಲಿ ನಮ್ಮದು ಮೂರನೆಯ ಬಾಡಿಗೆ ಮನೆ. ಈಗಿನ ಮನೆಯ ಓನರ್ ಕೂಡ ಮಾರುತ್ತೇನೆ ಎಂದು ನೋಟಿಸ್ ಕೊಟ್ಟಿದ್ದಾರೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಅಮ್ಮ ಕೊಟ್ಟ ಕೃಷ್ಣನ ಫೋಟೋ ಐದು ವರ್ಷದಿಂದ ನೆಲದಲ್ಲೇ ಗೋಡೆಗೆ ಒರಗಿ ನಿಂತಿದೆ. ಮಗಳು ಈ ವರ್ಷ ಶಾಲೆಗೆ ಸೇರಿದ್ದಾಳೆ. ಮನೆ ಬದಲಾದರೆ ಶಾಲೆಯೂ ಬದಲಾಗುತ್ತದೆ. ಆ ಲುಕಾನ್ ಮನೆ ನೋಡಲು ಹೋದಾಗ ಕಪಾಟಿನ ಬಾಗಿಲಿನ ಒಳಗೆ ಪೆನ್ಸಿಲ್‌ನಲ್ಲಿ ಎಳೆದ ಗೆರೆಗಳಿದ್ದವು, ಆ ಮನೆಯ ಮಕ್ಕಳು ಯಾವ ವರ್ಷ ಎಷ್ಟು ಎತ್ತರ ಆದರು ಎಂದು. ನನ್ನ ಮಗಳು ಅಲ್ಲಿ ಬೆನ್ನು ತಾಗಿಸಿ ನಿಂತು ನನ್ನದೂ ಎಳಿ ಅಂದಳು.

ನಮ್ಮ ಇಬ್ಬರ ಸಂಬಳ ಸೇರಿ ವರ್ಷಕ್ಕೆ 95,000. ಬೆಲೆ ಇಳಿಯುತ್ತದಾ? ಕಾದರೆ ಒಳ್ಳೆಯದಾ? ಮಂಗಳೂರಿನಲ್ಲಿ ಒಂದು ಫ್ಲಾಟಿಗೆ ಅಡ್ವಾನ್ಸ್ ಕೊಡಿ ಎಂದು ಮಾವನ ಕಡೆಯವರು ಹೇಳುತ್ತಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಬದಿಯಡ್ಕ, ಈಗ ಕಾರ್ಕ್

ಕಾಯಿರಿ. ಇಳಿದೇ ಇಳಿಯುತ್ತದೆ. ಇಷ್ಟು ಬೆಲೆಗೆ ಅರ್ಥವೇ ಇಲ್ಲ. ನಾನು 2018ರಿಂದ ಕಾಯುತ್ತಿದ್ದೇನೆ.

ಕುಂಬಳೆ, ಈಗ ಡಬ್ಲಿನ್

ಏಳು ವರ್ಷ ಕಟ್ಟಿದ ಬಾಡಿಗೆ ಲೆಕ್ಕ ಹಾಕಿದ್ದೀರಾ ಮಾರಾಯ್ರೆ?

ತಂಗಿ, ನಾನು ಬೆಲೆ ಇಳಿದದ್ದನ್ನು ಒಳಗಿದ್ದು ಕಂಡವನು. ಹೆಂಡತಿ 2001ರಲ್ಲಿ ನರ್ಸ್ ಆಗಿ ಬಂದದ್ದು, ನಾನು ಮರುವರ್ಷ. 2006ರಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ತೆಗೆದುಕೊಂಡೆವು, 3,40,000ಕ್ಕೆ. ಬ್ಯಾಂಕಿನವರು ಪೂರ್ತಿ ಸಾಲ ಕೊಟ್ಟರು, ಕೈಯಿಂದ ಒಂದು ಯೂರೋ ಹಾಕಲಿಲ್ಲ. ಆಗ ಅದು ಎಲ್ಲರೂ ಮಾಡುತ್ತಿದ್ದ ಕೆಲಸ. 2007ರಲ್ಲಿ ಬೆಲೆ ತುದಿ ಮುಟ್ಟಿತು. ಆಮೇಲೆ 2013ರವರೆಗೆ ಇಳಿಯುತ್ತಲೇ ಹೋಯಿತು, ದೇಶದಲ್ಲೆಲ್ಲ ಸುಮಾರು ಅರ್ಧಕ್ಕೆ. ನಮ್ಮದು ಅರ್ಧಕ್ಕಿಂತ ಕೆಳಗೆ. 2010ರಲ್ಲಿ ಸರ್ಕಾರಿ ನೌಕರರ ಸಂಬಳ ಕಡಿತ ಆಯಿತು, ಹೆಂಡತಿಯದ್ದೂ. ನನ್ನ ಕೆಲಸ ಹೋಯಿತು. ನಿರುದ್ಯೋಗ ನೂರಕ್ಕೆ ಹದಿನೈದರ ಹತ್ತಿರ ಹೋಗಿತ್ತು.

ಅಷ್ಟರಲ್ಲಿ ಮಕ್ಕಳು ಮೂವರು. ದೊಡ್ಡ ಮನೆಗೆ ಹೋಗೋಣ ಅಂದರೆ ಮಾರಿದ ದುಡ್ಡಿನಲ್ಲಿ ಸಾಲವೇ ತೀರುವುದಿಲ್ಲ. ದೊಡ್ಡ ಮಗ ಇಸ್ತ್ರಿ ಮೇಜಿನ ಮೇಲೆ ಪುಸ್ತಕ ಇಟ್ಟು ಜೂನಿಯರ್ ಸರ್ಟ್ ಪರೀಕ್ಷೆಗೆ ಓದಿದ. ಮೇಜನ್ನು ಅವನ ಎತ್ತರಕ್ಕೆ ಇಳಿಸಿ ಕೊಡುತ್ತಿದ್ದೆ, ರಾತ್ರಿ ಮತ್ತೆ ಏರಿಸಿ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದೆ. ಕೊಂಡ ಬೆಲೆ ಮತ್ತೆ ಕಂಡದ್ದು 2021ರಲ್ಲಿ. ಆಗ ಅವನು ಕಾಲೇಜು ಮುಗಿಸಿದ್ದ.

ಆದರೆ ಒಂದು ಮಾತು. ಆಗಿನದ್ದೂ ಈಗಿನದ್ದೂ ಒಂದೇ ಅಲ್ಲ. 2006ರಲ್ಲಿ ಒಂದೇ ವರ್ಷಕ್ಕೆ ಸುಮಾರು 90,000 ಮನೆ ಕಟ್ಟಿದ್ದರು. ಊರ ಹೊರಗೆ ಖಾಲಿ ಬಡಾವಣೆಗಳು, ಬೀದಿ ದೀಪ ಉಂಟು, ಜನ ಇಲ್ಲ. 2024ರಲ್ಲಿ ಕಟ್ಟಿದ್ದು ಸುಮಾರು 30,000. ಜನ ಮಾತ್ರ ಜಾಸ್ತಿ ಆಗಿದ್ದಾರೆ, 2022ರ ಜನಗಣತಿಯಲ್ಲಿ 50 ಲಕ್ಷ ದಾಟಿತು. ಬ್ಯಾಂಕಿಗೂ ಈಗ ಸಂಬಳದ ನಾಲ್ಕು ಪಟ್ಟಿಗಿಂತ ಜಾಸ್ತಿ ಸುಲಭಕ್ಕೆ ಕೊಡುವ ಹಾಗಿಲ್ಲ. ಹಾಗಾಗಿ ಸ್ವಲ್ಪ ಇಳಿಯಬಹುದು, ಸುಮ್ನೆ ನಿಲ್ಲಬಹುದು, ಆದರೆ ಆಗಿನ ಹಾಗೆ ಅರ್ಧಕ್ಕೆ ಬೀಳುತ್ತದೆ ಎಂದು ನನಗೆ ಅನಿಸುವುದಿಲ್ಲ. ನಮ್ಮನ್ನು ಹಿಡಿದು ಹಾಕಿದ್ದು ಬೆಲೆ ಇಳಿದದ್ದೊಂದೇ ಅಲ್ಲ. ಕೈಯಲ್ಲಿ ಏನೂ ಇಲ್ಲದೆ, ಚಿಕ್ಕ ಮನೆಗೆ, ತುಂಬಾ ಸಾಲ ಮಾಡಿದ್ದು.

ಮುಳ್ಳೇರಿಯ, ಈಗ ಗಾಲ್ವೇ

ಲೆಕ್ಕ ಹೇಳುತ್ತೇನೆ. 95,000ದ ನಾಲ್ಕು ಪಟ್ಟು 3,80,000. ಹತ್ತು ಪರ್ಸೆಂಟ್ ಕೈಯಿಂದ ಹಾಕಿದರೆ 4,20,000ದ ಮನೆಯವರೆಗೆ ಹೋಗಬಹುದು. 4,41,000 ನಿಮ್ಮ ಮಿತಿ ದಾಟಿದೆ, ಆ ಬಿಡ್ ಬಿಟ್ಟುಬಿಡಿ. 3,78,000 ಸಾಲಕ್ಕೆ 30 ವರ್ಷ, ಮೂರೂವರೆ ಪರ್ಸೆಂಟ್ ಬಡ್ಡಿಯಾದರೆ ತಿಂಗಳಿಗೆ ಹತ್ತಿರ 1,700. ಬಡ್ಡಿ ಐದೂವರೆಗೆ ಹೋದರೆ 2,150. ಆ 2,150ನ್ನು ಈಗಿನಿಂದಲೇ ಆರು ತಿಂಗಳು ಬದಿಗಿಟ್ಟು ಸಂಸಾರ ಸಾಗುತ್ತದಾ ನೋಡಿ. ಬೆಲೆ ಇಳಿಯುತ್ತದಾ ಎನ್ನುವುದಕ್ಕಿಂತ ಅದು ಮುಖ್ಯ.

ಹಳೆ ಮನೆ ಬಿಟ್ಟು ಹೊಸ ಮನೆ ನೋಡಿ. ಮೊದಲ ಮನೆ ಕೊಳ್ಳುವವರಿಗೆ ಸರ್ಕಾರ ಕೊಡುವ ಹೆಲ್ಪ್ ಟು ಬೈ ಇರುವುದು ಹೊಸ ಮನೆಗೆ ಮಾತ್ರ, ಬೆಲೆ 5 ಲಕ್ಷದ ಒಳಗೆ ಇರಬೇಕು. ಕಳೆದ ನಾಲ್ಕು ವರ್ಷ ಕಟ್ಟಿದ ಟ್ಯಾಕ್ಸ್‌ನಿಂದ 30,000ದವರೆಗೆ ವಾಪಸ್ ಸಿಗುತ್ತದೆ.

ಇನ್ನೊಂದು, ಇದನ್ನು ಎರಡು ಸಲ ಓದಿ. ಮಂಗಳೂರಿನ ಫ್ಲಾಟ್ ಈಗ ತೆಗೆದುಕೊಳ್ಳಬೇಡಿ. ಯಾವ ದೇಶದಲ್ಲಾದರೂ ಸರಿ, ಮೊದಲೊಂದು ಮನೆ ಕೊಂಡಿದ್ದರೆ ಹೆಲ್ಪ್ ಟು ಬೈ ಸಿಗುವುದಿಲ್ಲ. ಗಂಡ ಹೆಂಡತಿ ಸೇರಿ ಕೊಳ್ಳುವಾಗ ಇಬ್ಬರಿಗೂ ಅದು ಮೊದಲ ಮನೆ ಆಗಿರಬೇಕು. ಅಪ್ಪನಿಂದ ಪಾಲಿಗೆ ಬಂದ ಮನೆಯಾದರೆ ತೊಂದರೆ ಇಲ್ಲ.

ಉಪ್ಪಳ, 26 ವರ್ಷ ಶಾರ್ಜಾ, ಈಗ ಊರಲ್ಲಿ

ಯಾರೂ ಸರಿಯಾದ ಮಾತು ಹೇಳುತ್ತಿಲ್ಲ. ಮೂವತ್ತು ವರ್ಷದ ಸಾಲ ಅಂದರೆ ಮೂವತ್ತು ವರ್ಷ ಆ ದೇಶಕ್ಕೆ ಕಟ್ಟಿ ಹಾಕಿದ ಹಾಗೆ. ಅಲ್ಲಿ ಮನೆ ಕೊಂಡ ದಿನ ಮಕ್ಕಳು ಅಲ್ಲಿಯವರಾದರು, ಅಷ್ಟೇ. ನಾನು ಶಾರ್ಜಾದಲ್ಲಿ 26 ವರ್ಷ ಇದ್ದೆ, ಒಂದು ಚದರಡಿ ಜಾಗ ಕೊಳ್ಳಲಿಲ್ಲ. ದುಬೈಯಲ್ಲಿ ಫ್ಲಾಟ್ ಬುಕ್ ಮಾಡಿದ ನನ್ನ ಗೆಳೆಯರು 2009ರಲ್ಲಿ ಬೆಲೆ ಬಿದ್ದಾಗ ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ. ನಾನು ಉಪ್ಪಳದಲ್ಲಿ ಮನೆ ಕಟ್ಟಿದೆ. ಮಕ್ಕಳನ್ನು ಮಂಗಳೂರಿನಲ್ಲಿ ಓದಿಸಿದೆ. ಇಬ್ಬರೂ ಎಂಜಿನಿಯರ್. ಮಂಗಳೂರು ಫ್ಲಾಟ್ ತೆಗೆದುಕೊಳ್ಳಿ, ಆಚೆಮನೆಯವರ ತೋಟ ಮಾರಾಟಕ್ಕೆ ಬಂದರೆ ಅದನ್ನೂ ಸೇರಿಸಿ. ಅಡಿಕೆಗೆ ಈಗ ರೇಟು ಉಂಟು. ನಾಲ್ಕು ವರ್ಷದಲ್ಲಿ ವಾಪಸ್ ಬನ್ನಿ. ಅಮ್ಮ ಒಬ್ಬರೇ ಅಂಗಳದಲ್ಲಿ ಅಡಿಕೆ ಮಗುಚುವುದನ್ನು ನೋಡಿಕೊಂಡು ಲುಕಾನ್ ಲುಕಾನ್ ಎನ್ನುತ್ತಿದ್ದೀರಿ, ಮನಸ್ಸು ಹೇಗೆ ಬರುತ್ತದೆ?

ಮುಳ್ಳೇರಿಯ, ಈಗ ಗಾಲ್ವೇ

ಅಣ್ಣ, ಎನ್‌ಆರ್‌ಐ ಆದವರು ಭಾರತದಲ್ಲಿ ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ವಿದೇಶಿ ವಿನಿಮಯದ ಫೆಮಾ ಕಾನೂನು. ಪಾಲಿಗೆ ಬಂದದ್ದನ್ನು ಇಟ್ಟುಕೊಳ್ಳಬಹುದು ಅಷ್ಟೇ.

ಉಪ್ಪಳ, 26 ವರ್ಷ ಶಾರ್ಜಾ, ಈಗ ಊರಲ್ಲಿ

ಕಾನೂನು ಹೇಳಿಕೊಂಡು ಕೂತರೆ ಊರು ಉಳಿಯುವುದಿಲ್ಲ. ನಮ್ಮ ತೋಟಗಳಿಗೆಲ್ಲ ಯಾರು ದಿಕ್ಕು? ಒಂದೊಂದು ಮನೆಯಲ್ಲಿ ಇಬ್ಬರು ಮುದುಕರು, ಒಂದು ನಾಯಿ.

ಕುಂಬಳೆ, ಈಗ ಡಬ್ಲಿನ್

ಊರು ಊರು ಎನ್ನುತ್ತೀರಿ. 2020ರಲ್ಲಿ ಕೊರೊನಾ ಎಂದು ಕೇರಳ-ಕರ್ನಾಟಕ ಗಡಿಯ ತಲಪಾಡಿ ಗೇಟು ಮುಚ್ಚಿದಾಗ ನಮ್ಮ ಅಪ್ಪನ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಲು ಬಿಡಲಿಲ್ಲ. ಆಂಬ್ಯುಲೆನ್ಸ್ ಗಡಿಯಿಂದ ತಿರುಗಿ ಬಂತು. ನಾವು ಈಚೆಗೂ ಇಲ್ಲ ಆಚೆಗೂ ಇಲ್ಲ ಎನ್ನುವುದು ಆ ದಿನ ಗೊತ್ತಾಯಿತು. ಎಲ್ಲಿಗೆ ವಾಪಸ್ ಬರುವುದು ಹೇಳಿ.

ಮಂಜೇಶ್ವರ, ಈಗ ಟೊರಾಂಟೊ

ಟೊರಾಂಟೊದಲ್ಲಿ 1989ರಲ್ಲಿ ತುದಿಗೆ ಹೋದ ಬೆಲೆ ಇಳಿದು ಮತ್ತೆ ಅಲ್ಲಿಗೆ ಬರಲು 2002 ಆಯಿತು. 2022ರಿಂದ ಇಲ್ಲಿ ಮತ್ತೆ ಇಳಿದಿದೆ. ಇಳಿಯುವುದೇ ಇಲ್ಲ ಎಂದು ಯಾರೂ ಹೇಳಬಾರದು. ಆದರೆ ಮಕ್ಕಳು ಕೈತಪ್ಪುತ್ತಾರೆ ಎನ್ನುವ ಮಾತಿಗೆ ನನ್ನ ವಿರೋಧ ಉಂಟು. ನನ್ನ ಮಗಳಿಗೆ ಒಂಬತ್ತು ವರ್ಷ. ಭಾನುವಾರ ಭಾನುವಾರ ಅಜ್ಜಿಗೆ ಕನ್ನಡದಲ್ಲಿ ಪತ್ರ ಬರೆಯುತ್ತಾಳೆ. ಒತ್ತಕ್ಷರ ತಪ್ಪುತ್ತದೆ, ಆದರೂ ಬರೆಯುತ್ತಾಳೆ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಇದೊಂದನ್ನು ಎಲ್ಲರೂ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ನೀರ್ಚಾಲು, ನಿವೃತ್ತ ಅಧ್ಯಾಪಕ

ನಾನು ಮಗನ ಮೊಬೈಲಿನಿಂದ ಬರೆಯುತ್ತಿದ್ದೇನೆ. ಮನೆಯ ಬೆಲೆ ನನಗೆ ತಿಳಿಯದು. 31 ವರ್ಷ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡಿದೆ. ಕವಿ ಕೈಯಾರ ಕಿಞ್ಞಣ್ಣ ರೈಗಳ ಸೀಮೆಯವರು ನಾವು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ನೆಲದಲ್ಲಿ ಕನ್ನಡ ಉಳಿಸಬೇಕೆಂದು ಹೇಳುತ್ತಲೇ ಬಂದೆವು. ನನ್ನ ಕಡೆಯ ವರ್ಷ ಒಂದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಏಳು ಹೆಸರು ಇತ್ತು. ಊರಿನಲ್ಲೇ ಇದ್ದವರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದರು. ನನ್ನ ಮೊಮ್ಮಗನೂ ಅಲ್ಲಿಗೇ ಹೋಗುತ್ತಾನೆ, ತಡೆಯಲು ನನ್ನಿಂದ ಆಗಲಿಲ್ಲ. ಹಾಗಾಗಿ ವಿದೇಶಕ್ಕೆ ಹೋದವರನ್ನು ಮಾತ್ರ ಬೈಯಬೇಡಿ.

ಆ ಮಗು ಐರ್ಲೆಂಡಿನ ಶಾಲೆಯಲ್ಲಿ ಐರಿಷ್ ಭಾಷೆ ಕಲಿಯುತ್ತಿದೆಯಾ?

ಪೆರ್ಲ, ಈಗ ಡಬ್ಲಿನ್

ಹೌದು ಸರ್, ಕಲಿಯುತ್ತಿದ್ದಾಳೆ. ಅಲ್ಲಿ ಅದು ಮೊದಲ ಅಧಿಕೃತ ಭಾಷೆ, ಎಲ್ಲ ಮಕ್ಕಳಿಗೂ ಕಲಿಸುತ್ತಾರೆ. ಆದರೆ ಪೇಟೆಯಲ್ಲಿ ಎಲ್ಲರೂ ಮಾತಾಡುವುದು ಇಂಗ್ಲಿಷ್. ನಿನ್ನೆ ಅವಳು ಅಮ್ಮನಿಗೆ ಸ್ಲಾನ್ ಹೇಳಲು ಕಲಿಸಿದಳು, ಹೋಗಿ ಬರುತ್ತೇನೆ ಎಂದು ಅದಕ್ಕೆ ಅರ್ಥ. ಅಮ್ಮ ಅವಳಿಗೆ ಅಡಿಕೆ ಎಣಿಸುತ್ತಾ ಕನ್ನಡದಲ್ಲಿ ನಲವತ್ತರವರೆಗೆ ಹೇಳಿಸಿದರು.

ಉಪ್ಪಳ, 26 ವರ್ಷ ಶಾರ್ಜಾ, ಈಗ ಊರಲ್ಲಿ

ಅಧ್ಯಾಪಕರ ಮಾತಿಗೆ ನಾನು ಎದುರಾಡುವುದಿಲ್ಲ. ನನ್ನ ಮಾತು ಕಟುವಾಗಿದ್ದರೆ ಕ್ಷಮಿಸಿ ತಂಗಿ. 26 ವರ್ಷದಲ್ಲಿ ನಾನು ಮಕ್ಕಳ ಜೊತೆ ಇದ್ದದ್ದು ವರ್ಷಕ್ಕೆ ಮೂವತ್ತು ದಿನ. ದೊಡ್ಡವನು ಹತ್ತನೇ ತರಗತಿ ಪಾಸಾದಾಗ ಫೋನಿನಲ್ಲಿ ಕೇಳಿದೆ. ಊರಲ್ಲಿ ಮನೆ ದೊಡ್ಡದು ಉಂಟು, ಈಗ ಅವರಿಬ್ಬರೂ ಬೆಂಗಳೂರಿನಲ್ಲಿ. ಅದಕ್ಕೇ ಹೇಳಿದ್ದು.

ಬದಿಯಡ್ಕ, ಈಗ ಕಾರ್ಕ್

ಬಡ್ಡಿ ಇಳಿದ ಮೇಲೆ ಬೆಲೆ ಇನ್ನೂ ಏರಿತು. ಈ ವರ್ಷ ಇಳಿಯದಿದ್ದರೆ ನಾನೂ ನೋಡಬೇಕು.

ಕುಂಬಳೆ, ಈಗ ಡಬ್ಲಿನ್

ಹಳೆ ಅಡಿಕೆಯನ್ನು ಅಟ್ಟದಲ್ಲಿಟ್ಟು ರೇಟಿಗೆ ಕಾಯಬಹುದು. ಮಕ್ಕಳ ವಯಸ್ಸನ್ನು ಅಟ್ಟದಲ್ಲಿಡಲು ಬರುವುದಿಲ್ಲ. ನಿಮ್ಮ ಮಗನಿಗೆ ಈಗ ಹನ್ನೊಂದಲ್ವಾ?

ಪೆರ್ಲ, ಈಗ ಡಬ್ಲಿನ್

ಮುಳ್ಳೇರಿಯದವರೇ, ನಿಮ್ಮ ಮೆಸೇಜ್ ಈಗಷ್ಟೇ ಪೂರ್ತಿ ಓದಿದೆ, ಮೇಲೆ ಎಲ್ಲೋ ಹೋಗಿತ್ತು. ಫ್ಲಾಟಿಗೆ ನಮ್ಮವರ ಹೆಸರಿನಲ್ಲಿ 2 ಲಕ್ಷ ರೂಪಾಯಿ ಅಡ್ವಾನ್ಸ್ ಹೋದ ವಾರವೇ ಕೊಟ್ಟಾಗಿದೆ. ರಿಜಿಸ್ಟ್ರಿ ಆಗಿಲ್ಲ. ಎಂತ ಮಾಡುವುದು?

ಮುಳ್ಳೇರಿಯ, ಈಗ ಗಾಲ್ವೇ

ರಿಜಿಸ್ಟ್ರಿ ಮಾಡಿಸಬೇಡಿ. ಅಡ್ವಾನ್ಸ್ ವಾಪಸ್ ಕೇಳಿ, ಪೂರ್ತಿ ಸಿಗದಿದ್ದರೂ ಪರವಾಗಿಲ್ಲ, 30,000 ಯೂರೋ ಮುಂದೆ ಅದು ದೊಡ್ಡದಲ್ಲ. ಅಗ್ರಿಮೆಂಟ್ ಕಾಗದ ಇಟ್ಟುಕೊಂಡು ಇಲ್ಲಿ ಸಾಲಿಸಿಟರ್‌ಗೆ ತೋರಿಸಿ.

ಪೆರ್ಲ, ಈಗ ಡಬ್ಲಿನ್

ನಮ್ಮವರಿಗೆ ಫೋನ್ ಮಾಡಿ ಹೇಳಿದೆ. ಲುಕಾನ್ ಏಜೆಂಟ್‌ಗೆ ಬೇಡ ಎಂದು ಬರೆದೆ, ಬರೆಯುವಾಗ ಕೈ ನಡುಗಿತು, ಆ ಕಪಾಟಿನ ಬಾಗಿಲು ನೆನಪಾಯಿತು. ಹದಿನಾಲ್ಕಕ್ಕೆ ವಾಪಸ್ ಬರುತ್ತೇನೆ. ಶನಿವಾರ ಕಿಲ್ಡೇರ್ ಕಡೆ ಹೊಸ ಮನೆಗಳು ಉಂಟಂತೆ, ನೋಡಲು ಹೋಗಬೇಕು. ಅಲ್ಲಿಗೆ ಬಸ್ ಸರಿ ಇಲ್ಲ.

ಕುಂಬಳೆ, ಈಗ ಡಬ್ಲಿನ್

ನಾನು ಕಾರು ತರುತ್ತೇನೆ. ಹತ್ತು ಗಂಟೆಗೆ ರೆಡಿ ಇರಿ. ಮಗಳಿಗೆ ಕಾರ್ ಸೀಟ್ ನಿಮ್ಮದೇ ತನ್ನಿ, ನಮ್ಮದನ್ನು ಯಾವಾಗಲೋ ಕೊಟ್ಟುಬಿಟ್ಟೆವು. ಬರುವಾಗ ಅಮ್ಮನ ಹತ್ತಿರ ಸ್ವಲ್ಪ ಹಪ್ಪಳ ಕೇಳಿ.