ಬೀಡಿಗೆ ತೆರಿಗೆ ಏರಿದರೆ ಅಮ್ಮ ಎಂತ ಮಾಡಬೇಕು? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು 4ರಿಂದ 6 ಗಂಟೆವರೆಗೆ ನಮ್ಮ ಊರಿನವರೇ ಆದ ಡಾಕ್ಟರ್ ಗುಂಪಿನಲ್ಲಿ ಇರುತ್ತಾರೆ. ಎಂಬಿಬಿಎಸ್ ಆದ ಮೇಲೆ ಸಮುದಾಯ ಆರೋಗ್ಯ, ಆಮೇಲೆ ಆರೋಗ್ಯ ಅರ್ಥಶಾಸ್ತ್ರ ಓದಿದವರು. ವಿಷಯ ಬೀಡಿ, ಸಿಗರೇಟು, ಹೊಗೆಸೊಪ್ಪು. ತೆರಿಗೆ, ಕಾನೂನು, ನಿಷೇಧ ಇವುಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಸುಮ್ನೆ ಬೋರ್ಡು ಅಂತ ಕೇಳಿ. ಫಾರ್ವರ್ಡ್ ಹಾಕಬೇಡಿ.

ಕುಂಬಳೆ ಅಂಗಡಿ: ಡಾಕ್ಟ್ರೇ, 20 ವರ್ಷದಿಂದ ಅಂಗಡಿ ಇಟ್ಟಿದ್ದೇನೆ. ಸಿಗರೇಟಿಗೆ ಎಷ್ಟು ಸಲ ರೇಟು ಏರಿತು ಅಂತ ಲೆಕ್ಕವಿಲ್ಲ. ಸೇದುವವನು ಸೇದಿಯೇ ಸೇದುತ್ತಾನೆ. ತೆರಿಗೆ ಏರಿಸುವುದು ಸರ್ಕಾರಕ್ಕೆ ದುಡ್ಡಾಗಲಿ ಅಂತ, ಆರೋಗ್ಯಕ್ಕಲ್ಲ. ಹೌದೋ ಅಲ್ವೋ?

ಡಾಕ್ಟರ್: ದುಡ್ಡೂ ಹೌದು, ಆರೋಗ್ಯವೂ ಹೌದು. ನಿಮ್ಮ ಕೌಂಟರಿಗೆ ಬರುವವರೆಲ್ಲ ಇನ್ನೂ ಸೇದುತ್ತಿರುವವರು. ಬಿಟ್ಟವನು ಬರುವುದಿಲ್ಲ. ರೇಟು ನೋಡಿ ಶುರುವೇ ಮಾಡದ ಹುಡುಗ ಅಂತೂ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಅಂಗಡಿಯಲ್ಲಿ ನಿಂತು ಈ ಲೆಕ್ಕ ಮಾಡಲು ಆಗುವುದಿಲ್ಲ, ಮನೆ ಮನೆಯ ಖರ್ಚಿನ ಸರ್ವೆ ಬೇಕು. ನಮ್ಮಂಥ ದೇಶಗಳಲ್ಲಿ ಬೆಲೆ ಶೇ. 10 ಏರಿದರೆ ಬಳಕೆ ಹೆಚ್ಚುಕಮ್ಮಿ ಶೇ. 5 ಇಳಿಯುತ್ತದೆ. ಬೆಲೆ ಏರಿದಷ್ಟು ಬಳಕೆ ಇಳಿಯದ ಕಾರಣ ತೆರಿಗೆ ದುಡ್ಡೂ ಏರುತ್ತದೆ. ಜಾಸ್ತಿ ಇಳಿಯುವುದು ಹುಡುಗರಲ್ಲಿ ಮತ್ತು ಬಡವರಲ್ಲಿ, ಕಿಸೆಯಲ್ಲಿ ದುಡ್ಡು ಕಡಿಮೆ ಇರುವವರಲ್ಲಿ. ಒಂದು ಮಾತು ಕೇಳುತ್ತೇನೆ, ನೀವು ಪ್ಯಾಕ್ ಮಾರುತ್ತೀರಾ, ಒಂದೊಂದೇ ಮಾರುತ್ತೀರಾ?

ಕುಂಬಳೆ ಅಂಗಡಿ: ಒಂದೊಂದೇ. ಪ್ಯಾಕ್ ತೆಗೆದುಕೊಳ್ಳುವವರು ಯಾರಿದ್ದಾರೆ ಮಾರಾಯ್ರೆ.

ಡಾಕ್ಟರ್: ನೋಡಿ. 2016ರಿಂದ ಪ್ಯಾಕಿನ ಶೇ. 85 ಭಾಗ ಎಚ್ಚರಿಕೆಯ ಚಿತ್ರ. ಪ್ಯಾಕ್ ಇರುವುದು ನಿಮ್ಮ ಕೈಯಲ್ಲಿ, ಗಿರಾಕಿಗೆ ಕಾಣುವುದು ಒಂದು ಬಿಳಿ ಕಡ್ಡಿ. ರೇಟು ಏರಿದ್ದೂ ಒಂದೆರಡು ರೂಪಾಯಿಯಂತೆ ಕಾಣುತ್ತದೆ, ಪೆಟ್ಟು ತಾಗುವುದೇ ಇಲ್ಲ.

ಹೊಸಂಗಡಿ ಮಾಸ್ಟ್ರು: ಬೀಡಿ ಸಿಗರೇಟಿನಷ್ಟು ಹಾಳಲ್ಲ ಅಲ್ವಾ? ಎಲೆ ತಾನೇ, ಪೇಪರಲ್ಲ.

ಡಾಕ್ಟರ್: ಅಲ್ಲ ಮಾಸ್ಟ್ರೇ. 2008ರಲ್ಲಿ ನಮ್ಮ ದೇಶದ 11 ಲಕ್ಷ ಮನೆಗಳಲ್ಲಿ ಸಾವುಗಳನ್ನು ವಿಚಾರಿಸಿ ಮಾಡಿದ ಅಧ್ಯಯನ ಬಂತು. ಬೀಡಿ ಸೇದುವ ಗಂಡಸರಿಗೆ ಸುಮಾರು 6 ವರ್ಷ ಆಯಸ್ಸು ಕಡಿಮೆ, ಹೆಂಗಸರಿಗೆ ಸುಮಾರು 8 ವರ್ಷ. ಸಿಗರೇಟು ಸೇದುವ ಗಂಡಸರಿಗೆ 10. ಅದನ್ನು ನೋಡಿ "6 ಕಡಿಮೆ, ಹಾಗಾದರೆ ಬೀಡಿ ಒಳ್ಳೆಯದು" ಅಂತ ಓದಬೇಡಿ. ಬೀಡಿ ಬೇಗ ಆರುತ್ತದೆ, ಆರದ ಹಾಗೆ ಜಾಸ್ತಿ ಸಲ, ಜೋರಾಗಿ ಎಳೆಯಬೇಕು.

ಉಪ್ಪಳದ ಗಲ್ಫ್ ಅಣ್ಣ: ತೆರಿಗೆ ಏರಿಸಿದರೆ ಕಳ್ಳ ಮಾಲು ಬರುತ್ತದೆ. ನಮ್ಮ ಕಡೆ ಗಲ್ಫಿನಿಂದ ಬರುವವರ ಬ್ಯಾಗಿನಲ್ಲಿ ಎಂತ ಇರುತ್ತದೆ ಅಂತ ಎಲ್ಲರಿಗೂ ಗೊತ್ತುಂಟು.

ಡಾಕ್ಟರ್: ಬರುತ್ತದೆ. ಎಷ್ಟು ಅನ್ನುವುದು ಪ್ರಶ್ನೆ. ಕಂಪೆನಿಗಳು ಹೇಳುವ ಲೆಕ್ಕ ದೊಡ್ಡದು. ಸ್ವತಂತ್ರವಾಗಿ ಎಣಿಸಿದವರು ಮಾಡಿದ್ದು ಇಷ್ಟೇ: ಬಿಡಿ ಸಿಗರೇಟು ಮಾರುವ ಅಂಗಡಿಗಳಿಂದ ಖಾಲಿ ಪ್ಯಾಕ್ ಒಟ್ಟು ಮಾಡಿ, ಭಾರತದ ಎಚ್ಚರಿಕೆ ಚಿತ್ರ ಉಂಟಾ, ಬೆಲೆ ಬರೆದಿದ್ದಾರಾ ಅಂತ ಒಂದೊಂದಾಗಿ ನೋಡಿದರು. 2018ರಲ್ಲಿ ಬಂದ ಅಂಥ ಲೆಕ್ಕದಲ್ಲಿ ಅಕ್ರಮ ಮಾಲು ಶೇ. 3ರ ಒಳಗೆ. ಕಳ್ಳ ಮಾಲು ತಡೆಯಲು ಚೆಕ್‌ಪೋಸ್ಟ್ ಇರುವುದು, ತೆರಿಗೆ ಇಳಿಸುವುದು ಅದಕ್ಕೆ ಮದ್ದಲ್ಲ.

ಸೀತಾಂಗೋಳಿ ಅಕ್ಕ: (ಫಾರ್ವರ್ಡ್) ಬೆಳಿಗ್ಗೆ ಬರಿ ಹೊಟ್ಟೆಗೆ ಲಿಂಬೆರಸ, ಜೇನು, ಓಮದ ನೀರು 7 ದಿನ. 20 ವರ್ಷದ ನಿಕೋಟಿನ್ ಪೂರ್ತಿ ಹೊರಗೆ. ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಸಿ 🙏

ಡಾಕ್ಟರ್: ಅಕ್ಕಾ, ನಿಕೋಟಿನ್ ಕೆಲವೇ ದಿನದಲ್ಲಿ ತಾನಾಗಿ ಹೋಗುತ್ತದೆ. ಲಿಂಬೆ ಕುಡಿದರೂ ಹೋಗುತ್ತದೆ, ಕುಡಿಯದಿದ್ದರೂ ಹೋಗುತ್ತದೆ. ಉಳಿಯುವುದು ಶ್ವಾಸಕೋಶಕ್ಕೆ, ರಕ್ತನಾಳಕ್ಕೆ ಆದ ಹಾನಿ, ಮತ್ತೆ ಚಟ. ಇದನ್ನು ಓದಿದವನು "ಇನ್ನೂ 10 ವರ್ಷ ಸೇದಿ ಆಮೇಲೆ ಲಿಂಬೆ ಕುಡಿದರಾಯಿತು" ಅಂತ ತಿಳಿದುಕೊಳ್ಳುತ್ತಾನೆ. ಬಿಡಬೇಕು ಅನ್ನುವವರು 1800-11-2356ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಪ್ಯಾಕಿನ ಮೇಲೆಯೇ ಇದೆ.

ಪೈವಳಿಕೆ: ಡಾಕ್ಟ್ರೇ ನಮಸ್ತೆ. ನನ್ನ ಅಮ್ಮ 31 ವರ್ಷದಿಂದ ಬೀಡಿ ಕಟ್ಟುತ್ತಿದ್ದಾರೆ. ನಾನು ಬಿ.ಕಾಂ. ಓದಿದ್ದು ಬೀಡಿಯಲ್ಲಿ, ತಂಗಿಯ ಮದುವೆಗೆ ತೆಗೆದದ್ದು ಬೀಡಿಯ ಪಿ.ಎಫ್. ಈಗ ದಿನಕ್ಕೆ 600 ಕಟ್ಟಿದರೆ ಹೆಚ್ಚು. ರಾತ್ರಿ ಕೆಮ್ಮು ಬೇರೆ, ಮಳೆಗಾಲದಿಂದ ಉಂಟು. ಬೀಡಿಗೆ ತೆರಿಗೆ ಏರಿಸಿ ಅಂತ ನಿಮ್ಮಂಥವರು ಸುಲಭದಲ್ಲಿ ಹೇಳುತ್ತೀರಿ. ಏರಿಸಿದರೆ ಅಮ್ಮ ಎಂತ ಮಾಡಬೇಕು? ಬೇಸರ ಮಾಡಬೇಡಿ.

ಡಾಕ್ಟರ್: ಬೇಸರ ಇಲ್ಲ. ಇವತ್ತು ಬಂದ ಪ್ರಶ್ನೆಗಳಲ್ಲಿ ಕೇಳಲೇಬೇಕಾದದ್ದು ಇದು. ಮೊದಲು ಕೆಮ್ಮು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಆಗುತ್ತದೆ. ಮಳೆಗಾಲದಿಂದ ಅಂದರೆ ತಿಂಗಳುಗಳಾದವು. ಹೊಗೆಸೊಪ್ಪಿನ ಧೂಳು ಅಂತ ನೀವೇ ತೀರ್ಮಾನ ಮಾಡಿ ಕೂರಬೇಡಿ, ಧೂಳೂ ಇರಬಹುದು ಟಿ.ಬಿ.ಯೂ ಇರಬಹುದು. ನಾನು ಸಣ್ಣವಳಿದ್ದಾಗ ನೀರ್ಚಾಲಿನಲ್ಲಿ ಪಕ್ಕದ ಮನೆಯ ಅಕ್ಕ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕಟ್ಟುತ್ತಿದ್ದರು. ಗೆರಸೆಯ ಪಕ್ಕದಲ್ಲೇ ಚಾಪೆ, ಚಾಪೆಯಲ್ಲಿ ಮಗು. ಮಗು ಸೀನುತ್ತಿತ್ತು, ಅವರು ಒಂದು ಕೈಯಲ್ಲಿ ತಟ್ಟಿ ಇನ್ನೊಂದು ಕೈಯಲ್ಲಿ ನೂಲು ಸುತ್ತುತ್ತಿದ್ದರು. ಹಾಗಾಗಿ ಸುಲಭದಲ್ಲಿ ಹೇಳುವುದಿಲ್ಲ.

ಈಗ ತೆರಿಗೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಮಾಡಿತು, ಸಿಗರೇಟು, ಗುಟ್ಕಾಕ್ಕೆ ಶೇ. 40, ಬೀಡಿಗೆ 28ರಿಂದ 18ಕ್ಕೆ ಇಳಿಕೆ, ಬೀಡಿ ಎಲೆಗೆ 18ರಿಂದ 5ಕ್ಕೆ. ಬೀಡಿಯನ್ನು ಹೀಗೆ ಬೇರೆ ಇಡುವಾಗಲೆಲ್ಲ ಹೇಳುವ ಕಾರಣ ನಿಮ್ಮ ಅಮ್ಮ, ಅಂದರೆ ಕಟ್ಟುವ ಹೆಂಗಸರು. ಸರಿ, ಆದರೆ ತೆರಿಗೆ ಇಳಿದಷ್ಟು ಸಾವಿರ ಬೀಡಿಯ ಕೂಲಿ ಏರಬೇಕು ಅಂತ ಎಲ್ಲಾದರೂ ಬರೆದಿದ್ದಾರಾ? ಇಲ್ಲ. ಹಿಂದೆ 1976ರ ಕಾನೂನಿನ ಪ್ರಕಾರ ಬೀಡಿಯ ಮೇಲೆ ಒಂದು ಸಣ್ಣ ಸೆಸ್ ಇತ್ತು. ಆ ದುಡ್ಡು ಬೀಡಿ ಕಾರ್ಮಿಕರ ಡಿಸ್ಪೆನ್ಸರಿಗೆ, ಮಕ್ಕಳ ಸ್ಕಾಲರ್‌ಶಿಪ್‌ಗೆ, ಮನೆಗೆ ಅಂತಲೇ ಹೋಗುತ್ತಿತ್ತು. ನಿಮಗೂ ಸ್ಕಾಲರ್‌ಶಿಪ್ ಬಂದಿರಬಹುದು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. ಕಾರ್ಮಿಕರ ಕೈಗೆ ನೇರ ಬರುತ್ತಿದ್ದ ಒಂದೇ ಒಂದು ತೆರಿಗೆಯನ್ನು ತೆಗೆದರು, ಈಗ ಅವರ ಹೆಸರಿನಲ್ಲಿ ಉಳಿದದ್ದನ್ನೂ ಇಳಿಸುತ್ತಿದ್ದಾರೆ.

ತೆರಿಗೆ ಏರಿದರೆ ಕೆಲಸ ಕಡಿಮೆಯಾಗುತ್ತದಾ? ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಮನೆಖರ್ಚಿನ ಸರ್ವೆಯಲ್ಲಿ ಬೀಡಿಗೆ ಎಷ್ಟು ದುಡ್ಡು, ಎಷ್ಟು ಬೀಡಿ ಅಂತ ಎರಡೂ ಕೇಳಿರುತ್ತಾರೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಆ ಊರಿನ ಬೆಲೆ ಸಿಗುತ್ತದೆ, ಊರಿಂದ ಊರಿಗೆ ಹೋಲಿಸಿದರೆ ಬೆಲೆಗೆ ಜನ ಎಷ್ಟು ಹೆದರುತ್ತಾರೆ ಅಂತ ಗೊತ್ತಾಗುತ್ತದೆ. ಹಾಗೆ ಮಾಡಿದ ಲೆಕ್ಕದಲ್ಲಿ ಬೀಡಿ ಬೆಲೆ ಶೇ. 10 ಏರಿದರೆ ಬಳಕೆ ಸುಮಾರು ಶೇ. 9 ಇಳಿಯುತ್ತದೆ. ಸಿಗರೇಟಿಗಿಂತ ಎಷ್ಟೋ ಜಾಸ್ತಿ. ಅದೇ ಸರ್ವೆ ಇನ್ನೊಂದನ್ನೂ ತೋರಿಸಿತು. ಹೊಗೆಸೊಪ್ಪಿಗೆ ಖರ್ಚು ಮಾಡುವ ಮನೆಯಲ್ಲಿ ಊಟಕ್ಕೆ, ಮಕ್ಕಳ ಓದಿಗೆ ಕಡಿಮೆ. ಬೀಡಿಗೆ ಹೋಗದ ದುಡ್ಡು ಗಾಳಿಗೆ ಹೋಗುವುದಿಲ್ಲ, ಮೀನಿಗೆ, ಫೀಸಿಗೆ, ಬಟ್ಟೆಗೆ ಹೋಗುತ್ತದೆ. ಅಲ್ಲಿಯೂ ದುಡಿಯುವವರು ಇದ್ದಾರೆ. ಆದರೆ ಆ ದುಡಿಮೆ ಪೈವಳಿಕೆಯ ನಿಮ್ಮ ಜಗಲಿಗೆ ಬರುತ್ತದೆ ಅಂತ ನಾನು ಹೇಳಲಾರೆ, ನನ್ನ ಜೊತೆ ಓದಿದವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಅದಕ್ಕೇ ತೆರಿಗೆಯ ಒಂದು ಪಾಲು ಕಟ್ಟುವವರಿಗೆ ಅಂತ ಕಾನೂನಿನಲ್ಲೇ ಬರೆಯಬೇಕು. ಫಿಲಿಪೀನ್ಸ್ 2012ರಲ್ಲಿ ಹಾಗೆ ಮಾಡಿತು. ಏರಿಸಿದ ತೆರಿಗೆಯ ಹೆಚ್ಚಿನ ಪಾಲು ಬಡವರ ಆರೋಗ್ಯ ವಿಮೆಗೆ, ಇನ್ನೊಂದು ಪಾಲು ಹೊಗೆಸೊಪ್ಪು ಬೆಳೆಯುವ ಊರುಗಳಿಗೆ. ಅಲ್ಲಿ 2009ರಲ್ಲಿ ಶೇ. 29.7 ಜನ ತಂಬಾಕು ಬಳಸುತ್ತಿದ್ದರು, 2015ರಲ್ಲಿ 23.8. ಫಿಲಿಪೀನ್ಸ್ ದೂರವಾದರೆ ಕಣ್ಣೂರು ನೋಡಿ. ಧಣಿಗಳು ಬಾಗಿಲು ಹಾಕಿದಾಗ 1969ರಲ್ಲಿ ಕಾರ್ಮಿಕರೇ ದಿನೇಶ್ ಬೀಡಿ ಸೊಸೈಟಿ ಕಟ್ಟಿದರು. ಬೀಡಿ ಇಳಿಯುತ್ತದೆ ಅಂತ ಮೊದಲೇ ಗೊತ್ತುಮಾಡಿಕೊಂಡು ಕೊಡೆ, ತೆಂಗಿನ ಹಾಲು, ಮಸಾಲೆಪುಡಿ, ಬಟ್ಟೆ ಅಂತ ಹೋದರು. ಎಲ್ಲರಿಗೂ ಕೆಲಸ ಉಳಿಯಲಿಲ್ಲ. ಆದರೂ ಸುಮ್ನೆ ಕೂತವರಿಗಿಂತ ಮೇಲು.

ಪೈವಳಿಕೆ: ಸ್ಕಾಲರ್‌ಶಿಪ್ ಬಂದಿತ್ತು. ಅಮ್ಮನಿಗೆ ಓದಿ ಹೇಳಿದೆ. ಮೊನ್ನೆ ಬ್ರಾಂಚಿನಲ್ಲಿ (ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಡೆ) ಕೊಟ್ಟ ಎಲೆ ಹಾಳಿತ್ತಂತೆ, ಆದರೂ ಲೆಕ್ಕ ಅಷ್ಟೇ ಕೇಳಿದರಂತೆ, ಇದಕ್ಕೆ ಯಾವ ತೆರಿಗೆ ಅಂತ ಕೇಳುತ್ತಿದ್ದಾರೆ.

ಡಾಕ್ಟರ್: 😔 ಕಫ ಪರೀಕ್ಷೆ ಮರೆಯಬೇಡಿ.

ಮುಳ್ಳೇರಿಯ: ನನ್ನದು ಬೇರೆ ಪ್ರಶ್ನೆ. ಸಿಗರೇಟು ಇಲ್ಲ, ಎಲೆ ಅಡಿಕೆ ಹೊಗೆಸೊಪ್ಪು ಮಾತ್ರ, 25 ವರ್ಷದಿಂದ. ಈಗ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತದೆ, ಖಾರ ತಿಂದರೆ ಉರಿ, ಕೆನ್ನೆಯ ಒಳಗೆ ಬಿಳಿ. ತುಪ್ಪ ಹಚ್ಚುತ್ತಿದ್ದೇನೆ. ಸಾಕಾ?

ಡಾಕ್ಟರ್: ಸಾಲದು. ನಾಳೆಯೇ ದಂತವೈದ್ಯರಿಗೆ ತೋರಿಸಿ. ಬಾಯಿ ತೆರೆಯದಿರುವುದು, ಒಳಗೆ ಬಿಳಿ, ಎರಡೂ ಕ್ಯಾನ್ಸರಿಗೆ ಮೊದಲು ಬರುವ ಗುರುತು ಆಗಿರಬಹುದು. ಹೊಗೆಸೊಪ್ಪು ಮಾತ್ರ ಅಲ್ಲ, ಅಡಿಕೆಯನ್ನೂ ಇವತ್ತೇ ಬಿಡಿ. ಬಾಯಿ ಕಟ್ಟುವುದಕ್ಕೆ ಮುಖ್ಯ ಕಾರಣ ಅಡಿಕೆ.

ಬದಿಯಡ್ಕ ಭಟ್ರು: ಬಂತು ನೋಡಿ. ಡಾಕ್ಟ್ರೇ, ವಿಷಯ ಹೊಗೆಸೊಪ್ಪು ಅಲ್ವಾ, ಅಡಿಕೆ ಎಲ್ಲಿಂದ ಬಂತು? ನನ್ನ ಅಜ್ಜ 92 ವರ್ಷ ಎಲೆ ತಿಂದರು. ದೇವರಿಗೂ ಇಡುತ್ತೇವೆ.

ಡಾಕ್ಟರ್: ದೇವರಿಗೆ ಇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಗುಂಪಿಗೆ ಹಾಕಿದೆ, ಹೊಗೆಸೊಪ್ಪು ಬೆರೆಸದಿದ್ದರೂ. ಅಜ್ಜ ಬದುಕಿದ್ದು ಸಂತೋಷ. ಅಜ್ಜನ ಜೊತೆ ತಿಂದವರನ್ನೂ ಎಣಿಸಬೇಕು.

ಬದಿಯಡ್ಕ ಭಟ್ರು: ಹಳದಿ ರೋಗ ಬಂತು, ಎಲೆಚುಕ್ಕಿ ಬಂತು, ಕೊಳೆರೋಗಕ್ಕೆ ಮದ್ದು ಬಿಡುವ ಜನ ಸಿಗುವುದಿಲ್ಲ. ಈಗ ಡಾಕ್ಟ್ರೂ ಬಂದರು. ತೋಟ ಕಡಿದು ಎಂತ ನೆಡುವುದು?

ನೆಕ್ರಾಜೆ ಹುಡುಗ: ಮಾವ, ನಿಮ್ಮ ಅಡಿಕೆ ದೇವರಿಗೆ ಹೋಗುವುದು ಎಷ್ಟು, ಗುಟ್ಕಾಕ್ಕೆ ಹೋಗುವುದು ಎಷ್ಟು? 😀

ಬದಿಯಡ್ಕ ಭಟ್ರು: ಬೆಂಗಳೂರಿನಲ್ಲಿ ಕೂತು ನನಗೆ ಅಡಿಕೆ ಕಲಿಸಬೇಡ. ನಿನ್ನ ಫೀಸು ಎಲ್ಲಿಂದ ಬಂತು ಅಂತ ನಿನ್ನ ಅಪ್ಪನ ಹತ್ತಿರ ಕೇಳು.

ನೆಕ್ರಾಜೆ ಹುಡುಗ: ಗೊತ್ತುಂಟು, ಅದೇ ಅಡಿಕೆಯಿಂದ. ಅದಕ್ಕೆ ಸುಳ್ಳು ಹೇಳಬೇಕಾ?

ಕುಂಬಳೆ ಅಂಗಡಿ: ಸುಮ್ನೆ ಪೂರ್ತಿ ನಿಷೇಧ ಮಾಡಿದರೆ ಎಲ್ಲ ಮುಗಿಯಿತಲ್ಲ.

ಡಾಕ್ಟರ್: ಗುಟ್ಕಾ ನಿಷೇಧ ಆದದ್ದು ಕೇರಳದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ. ಆಮೇಲೆ ಎಂತ ಆಯಿತು? ಪಾನ್ ಮಸಾಲೆ ಒಂದು ಪ್ಯಾಕೆಟ್, ಹೊಗೆಸೊಪ್ಪು ಇನ್ನೊಂದು, ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಗುಟ್ಕಾ. ನಿಷೇಧ ಬೇಡ ಅನ್ನುತ್ತಿಲ್ಲ, ಹಿಡಿಯುವವರು ಇಲ್ಲದ ನಿಷೇಧದಲ್ಲಿ ತೆರಿಗೆಯೂ ಇಲ್ಲ, ತಡೆಯೂ ಇಲ್ಲ. ಇಲ್ಲಿಯ ಗಡಿಯನ್ನೇ ನೋಡಿ. ತಲಪಾಡಿಯ ಆಚೆ, ಕರ್ನಾಟಕದಲ್ಲಿ, ಈಗ 21 ವರ್ಷ ಆಗದವನಿಗೆ ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ 1000 ರೂಪಾಯಿ ದಂಡ. ಈಚೆ, ನಮ್ಮ ಕೇರಳದಲ್ಲಿ, 2003ರ ಕಾನೂನಿನಂತೆ 18 ವರ್ಷ, 200 ರೂಪಾಯಿ. 19ರ ಹುಡುಗನಿಗೆ ಒಂದು ಬಸ್ಸು ಹತ್ತಿದರಾಯಿತು.

ಮೀಯಪದವು ಟೀಚರ್: ಕೇರಳದಲ್ಲಿ ಬಳಕೆ ಇಳಿದಿದೆ ಅಂತ ಓದಿದ್ದೆ. ಹೌದಾ? ಯಾವುದರಿಂದ?

ಡಾಕ್ಟರ್: ಹೌದು ಟೀಚರ್. ದೊಡ್ಡವರಲ್ಲಿ 2009-10ರಲ್ಲಿ ಶೇ. 21.4, 2016-17ರಲ್ಲಿ 12.7. ಕರ್ನಾಟಕ 28.2ರಿಂದ 22.8. ಕೇರಳದಲ್ಲಿ 1999ರಲ್ಲೇ ಹೈಕೋರ್ಟು ಸಾರ್ವಜನಿಕ ಧೂಮಪಾನ ನಿಲ್ಲಿಸಿತ್ತು, ಶಾಲೆ, ಸಂಘಟನೆ, ಬೆಲೆ ಎಲ್ಲ ಸೇರಿತು. ಒಂದೇ ಕಾರಣ ಹೇಳುವವರನ್ನು ನಂಬಬೇಡಿ, ನಾನು ಹೇಳಿದರೂ.

ಬಂದ್ಯೋಡು: ಬೀಡಿ ಸಿಗರೇಟಿಗಿಂತ ಒಳ್ಳೆಯದಲ್ವಾ ಡಾಕ್ಟ್ರೇ?

ಡಾಕ್ಟರ್: ಅಲ್ಲ. ಮೇಲೆ ನೋಡಿ.

ಪೆರ್ಲ: ದಿನಕ್ಕೆ ಒಂದೇ ಒಂದು ಸೇದಿದರೆ ತೊಂದರೆ ಇಲ್ಲ ಅಲ್ವಾ?

ಡಾಕ್ಟರ್: ಇದೆ. ದಿನಕ್ಕೆ 20 ಸೇದುವವನ ಹೃದಯಕ್ಕೆ ಎಷ್ಟು ಹೆಚ್ಚು ಅಪಾಯವೋ, ಒಂದಕ್ಕೇ ಅದರ ಅರ್ಧದಷ್ಟು ಬರುತ್ತದೆ.

ಕಾಲೇಜು ಹುಡುಗ: ಹುಕ್ಕಾ ಬಗ್ಗೆ ಹೇಳಿ.

ಸೀತಾಂಗೋಳಿ ಅಕ್ಕ: (ಫಾರ್ವರ್ಡ್) ವೀಳ್ಯದೆಲೆ ರಸ ಶ್ವಾಸಕೋಶ ತೊಳೆಯುತ್ತದೆ. ಆಸ್ಪತ್ರೆಯವರು ಇದನ್ನು ಹೇಳುವುದಿಲ್ಲ.

ಡಾಕ್ಟರ್: ಹೌದು, ಹೇಳುವುದಿಲ್ಲ. ಯಾಕೆಂದರೆ ಸುಳ್ಳು. ರಸ ಹೊಟ್ಟೆಗೆ ಹೋಗುತ್ತದೆ ಅಕ್ಕಾ, ಶ್ವಾಸಕೋಶಕ್ಕೆ ಹೋದರೆ ಉಸಿರು ಕಟ್ಟುತ್ತದೆ.

ಸೀತಾಂಗೋಳಿ ಅಕ್ಕ: ನಾನು ಒಳ್ಳೆಯದಕ್ಕೆ ಹಾಕಿದ್ದು. ಓದಿದವರಿಗೆ ಹೀಗೆ ಮಾತಾಡುವುದು ಶೋಭೆಯಲ್ಲ.

ಬದಿಯಡ್ಕ ಭಟ್ರು: ಅದೇ ನಾನೂ ಹೇಳುವುದು.

ಬಂದ್ಯೋಡು: ಮೇಲೆ ಎಲ್ಲಿ ನೋಡುವುದು? ನನ್ನ ಫೋನಿನಲ್ಲಿ ಕಾಣುವುದಿಲ್ಲ. ಬೀಡಿ ಎಲೆಯದ್ದು ತಾನೇ?

ಅಡ್ಮಿನ್: ದಯವಿಟ್ಟು ಎಲ್ಲರೂ ಶಾಂತ ಆಗಿ. ಭಟ್ರೇ, ಅಡಿಕೆಗೆ ಇನ್ನೊಂದು ಭಾನುವಾರ ಇಡೋಣ. 6 ಗಂಟೆ ಆಯಿತು.

ಮುಳ್ಳೇರಿಯ: ನಾಡಿದ್ದು ಹೋಗುತ್ತೇನೆ ಡಾಕ್ಟ್ರೇ, ನಾಳೆ ತೋಟಕ್ಕೆ ಜನ ಬರುತ್ತಾರೆ.

ಡಾಕ್ಟರ್: ಜನರಿಗೆ ಫೋನ್ ಮಾಡಿ ನಾಡಿದ್ದು ಬರಲು ಹೇಳಿ. ನೀವು ನಾಳೆ ಹೋಗಿ. ಹೋಗಿ ಬಂದು ಇಲ್ಲಿಯೇ ಬರೆಯಿರಿ. ನಾನು ಹೊರಟೆ.

ಕುಂಬಳೆ ಅಂಗಡಿ: ಒಂದು ನಿಮಿಷ ಡಾಕ್ಟ್ರೇ. ನಾನು ಬಿಡಿ ಸಿಗರೇಟು ಮಾರುವುದು ನಿಲ್ಲಿಸಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ, ಹೋದವನು ಅಲ್ಲಿಯೇ ಚಾಯವನ್ನೂ ಕುಡಿಯುತ್ತಾನೆ, ಪೇಪರೂ ತೆಗೆದುಕೊಳ್ಳುತ್ತಾನೆ. ಅದರ ಲೆಕ್ಕ ನಿಮ್ಮ ಸರ್ವೆಯಲ್ಲಿ ಉಂಟಾ?