ದುಡ್ಡು ವಾಪಸ್ ಬರದ ಆಟ ಜೂಜು ಅಲ್ವಾ?

ಮಳೆಹನಿ:

ನನಗೂ ನನ್ನ ತಮ್ಮನಿಗೂ ಒಂದು ವಾದ ನಡೆಯುತ್ತಿದೆ. ಇಲ್ಲಿ ಆಟ ಆಡುವವರೂ ಇದ್ದೀರಿ, ಆಟ ತಯಾರಿಸುವವರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಅವನು ಮೊಬೈಲ್‌ನಲ್ಲಿ ಒಂದು ಗಾಚಾ ಆಟ ಆಡುತ್ತಾನೆ. ಡೌನ್‌ಲೋಡ್ ಪುಕ್ಕಟೆ, ಆಡೋದೂ ಪುಕ್ಕಟೆ. ಆದರೆ ಒಳ್ಳೆಯ ಪಾತ್ರ ಬೇಕು ಅಂದರೆ ಪುಲ್ ಮಾಡಬೇಕು, ಅಂದರೆ ಲಾಟರಿ ಚೀಟಿ ಎತ್ತಿದ ಹಾಗೆ ಒಂದು ಸಲ ಎತ್ತಬೇಕು, ಪುಲ್ ಮಾಡೋಕೆ ಜೆಮ್ ಅನ್ನೋ ಆಟದೊಳಗಿನ ನಾಣ್ಯ ಬೇಕು, ಆಡಿ ಗಳಿಸಿದ ಜೆಮ್ ಸಾಲದಿದ್ದರೆ ದುಡ್ಡು ಕೊಟ್ಟು ಕೊಳ್ಳಬೇಕು. ಕೊಟ್ಟ ಮೇಲೂ ಏನು ಬರುತ್ತದೆ ಅನ್ನೋದು ಅದೃಷ್ಟಕ್ಕೆ ಬಿಟ್ಟಿದ್ದು. ಒಂದು ಸಲ ಅವನ ಪಕ್ಕ ಕೂತು ನೋಡಿದೆ. ಬಟನ್ ಒತ್ತಿದ ತಕ್ಷಣ ಆಕಾಶದಿಂದ ಒಂದು ಬೆಳಕು ಇಳಿಯುತ್ತದೆ. ನೀಲಿ ಬಂದರೆ ಮುಖ ಬಾಡುತ್ತದೆ, ನೇರಳೆ ಬಂದರೆ ಪರವಾಗಿಲ್ಲ ಅನ್ನುತ್ತಾನೆ, ಬಂಗಾರದ ಬಣ್ಣ ಬಂದರೆ ಉಸಿರು ಬಿಗಿಹಿಡಿದು ಕೂರುತ್ತಾನೆ. ಯಾಕೆಂದರೆ ಬಂಗಾರದಲ್ಲೂ ಅವನಿಗೆ ಬೇಕಾದ ಪಾತ್ರವೇ ಬರುತ್ತದೆ ಅಂತ ಗ್ಯಾರಂಟಿ ಇಲ್ಲವಂತೆ. ಅವತ್ತು ಬರಲಿಲ್ಲ. ಮಾತೇ ಆಡದೆ ಮತ್ತೆ ಜೆಮ್ ಕೊಂಡ.

ಇದು ಜೂಜಲ್ವೇನೋ ಅಂದೆ. "ಅಕ್ಕಾ, ಜೂಜು ಅಂದ್ರೆ ದುಡ್ಡು ಹಾಕಿ ದುಡ್ಡು ಎತ್ತೋದು. ಇಲ್ಲಿ ಗೆದ್ದರೂ ಚಿಕ್ಕಾಸು ವಾಪಸ್ ಬರಲ್ಲ. ಸಿನಿಮಾಗೆ ಹೋದ ಹಾಗೆ, ಮಜಾಕ್ಕೆ ಖರ್ಚು ಅಷ್ಟೇ" ಅಂದ. ಅವನು ದುಡಿಯುವ ಹುಡುಗ, ಹೋಗುತ್ತಿರೋದು ಅವನದೇ ಸಂಬಳ. ಫೋನ್ ಕಿತ್ತುಕೊಳ್ಳುವ ವಯಸ್ಸು ಅವನದಲ್ಲ, ಆ ಮನಸ್ಸು ನನಗೂ ಇಲ್ಲ. ಆದರೆ ಅವನ ಮಾತು ಒಪ್ಪೋಕೂ ಆಗುತ್ತಿಲ್ಲ, ತಪ್ಪು ಎಲ್ಲಿದೆ ಅಂತ ತೋರಿಸೋಕೂ ಬರುತ್ತಿಲ್ಲ. ನಿಮಗೇನನ್ನಿಸುತ್ತದೆ?

ಕೋಡುಗಾರ:

ನಾನು ಕೆಲವು ವರ್ಷ ಮೊಬೈಲ್ ಆಟ ಮಾಡುವ ತಂಡದಲ್ಲಿದ್ದವನು. ನಿಮ್ಮ ತಮ್ಮ ದುಡ್ಡು ಹೊರಗೆ ಬರುತ್ತದಾ ಅಂತ ನೋಡುತ್ತಿದ್ದಾನೆ. ದುಡ್ಡು ಒಳಗೆ ಹೇಗೆ ಹೋಗುತ್ತದೆ ಅಂತ ನೋಡಲಿ. ಆ ಕಡೆಯಿಂದ ನೋಡಿದರೆ ಕ್ಯಾಸಿನೋದಲ್ಲಿ ದುಡ್ಡು ಹಾಕಿ ಗುಂಡಿ ಒತ್ತಿ ಆಡುವ ಸ್ಲಾಟ್ ಮಷೀನಿಗೂ ಇದಕ್ಕೂ ವ್ಯತ್ಯಾಸ ಹುಡುಕೋದೇ ಕಷ್ಟ.

ದಿನಕ್ಕೊಂದು ಸಲ ಪುಕ್ಕಟೆ ತಿರುಗಿಸುವ ಚಕ್ರ ಎಷ್ಟೋ ಆಟಗಳಲ್ಲಿ ಇರುತ್ತದಲ್ಲ, ಅದನ್ನೇ ತಗೊಳ್ಳಿ. ಪರದೆ ಮೇಲೆ ಎಂಟು ಭಾಗ, ಎಂಟೂ ಒಂದೇ ಅಳತೆ. ಎಂಟು ಸಲಕ್ಕೆ ಒಂದು ಸಲವಾದರೂ ದೊಡ್ಡ ಬಹುಮಾನ ಬರಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಚಿತ್ರದ ಅಳತೆಗೂ ಬರುವ ಸಾಧ್ಯತೆಗೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಯಾವ ಭಾಗಕ್ಕೆ ಎಷ್ಟು ಸಾಧ್ಯತೆ ಅನ್ನೋದು ಬೇರೆಯೇ ಪಟ್ಟಿಯಲ್ಲಿ ಬರೆದಿರುತ್ತದೆ. ನೀವು ಬಟನ್ ಒತ್ತಿದ ಕ್ಷಣದಲ್ಲೇ ಸಾಮಾನ್ಯವಾಗಿ ಸರ್ವರ್ ಒಂದು ಸಂಖ್ಯೆ ಎತ್ತಿ, ಪಟ್ಟಿ ನೋಡಿ, ಫಲಿತಾಂಶ ತೀರ್ಮಾನ ಮಾಡಿ ಮುಗಿಸಿರುತ್ತದೆ. ಆಮೇಲೆ ಚಕ್ರ ತಿರುಗೋದು, ನಿಧಾನವಾಗೋದು, ಟಿಕ್ ಟಿಕ್ ಅಂತ ದೊಡ್ಡ ಬಹುಮಾನದ ಹತ್ತಿರ ಬಂದು ಕೂದಲೆಳೆಯಷ್ಟು ಮುಂದೆ ಜಾರಿ ನಿಲ್ಲೋದು, ಇದೆಲ್ಲ ಬರೀ ಅನಿಮೇಷನ್. 'ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು' ಅನ್ನಿಸೋ ಹಾಗೆ ಅದನ್ನು ಕೂತು ತಿದ್ದಬಹುದು, ತಿದ್ದುತ್ತಾರೆ ಕೂಡ.

ಈ ಸ್ವಲ್ಪದರಲ್ಲಿ ತಪ್ಪೋದಕ್ಕೆ ಎಷ್ಟು ಬಲ ಇದೆ ಅಂತ 2009ರಲ್ಲೇ ಕೇಂಬ್ರಿಡ್ಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು ತೋರಿಸಿದ್ದರು. ಜನರನ್ನು ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ ಸ್ಲಾಟ್ ಮಷೀನ್ ಥರದ ಆಟ ಆಡಿಸಿದರು. ಸ್ವಲ್ಪದರಲ್ಲಿ ಸೋತಾಗಲೂ ಗೆದ್ದಾಗ ಚುರುಕಾಗುವ ಮಿದುಳಿನ ಭಾಗಗಳೇ ಚುರುಕಾದವು. ಆ ಸೋಲು ಯಾರಿಗೂ ಹಿತ ಅನ್ನಿಸಲಿಲ್ಲ. ಆದರೂ ತಾವೇ ಚಿತ್ರ ಆರಿಸಿ ಆಡಿದಾಗ, ಇನ್ನೊಂದು ಸಲ ಆಡೋಣ ಅನ್ನೋ ಆಸೆ ಜಾಸ್ತಿಯಾಯಿತು. ಅದಕ್ಕಿಂತ ಎಷ್ಟೋ ಮೊದಲು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ನೋಡಿದ್ದೂ ಹತ್ತಿರದ್ದೇ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಅಂತ ಗೊತ್ತಿಲ್ಲದಿದ್ದಾಗ ಹಕ್ಕಿ ಬಿಡದೆ ಕುಕ್ಕುತ್ತದೆ.

ಇನ್ನು ಜೆಮ್ ವಿಷಯ. ನೇರವಾಗಿ ದುಡ್ಡಲ್ಲೇ ಪುಲ್ ಮಾರಬಹುದಿತ್ತು, ಯಾಕೆ ಮಾರೋದಿಲ್ಲ? ಒಂದು ಪುಲ್‌ಗೆ 160 ಜೆಮ್, ಮಾರೋದು 980ರ ಕಟ್ಟು ಅಂದುಕೊಳ್ಳಿ. ಆರು ಪುಲ್ ಆಗುತ್ತದೆ, 20 ಉಳಿಯುತ್ತದೆ. ಆ ಇಪ್ಪತ್ತು ಯಾತಕ್ಕೂ ಸಾಲದು, ಬಿಟ್ಟುಬಿಡೋಕೂ ಮನಸ್ಸು ಬರದು. ಜೊತೆಗೆ, ಒಂದು ಸಲ ದುಡ್ಡು ಜೆಮ್ ಆಗಿಬಿಟ್ಟರೆ ಎಷ್ಟು ಹೋಯಿತು ಅನ್ನೋ ಲೆಕ್ಕ ತಲೆಯಲ್ಲಿ ನಿಲ್ಲೋದಿಲ್ಲ. ಕ್ಯಾಸಿನೋದಲ್ಲಿ ನೋಟಿನ ಬದಲು ಚಿಪ್ಸ್ ಅನ್ನೋ ಬಿಲ್ಲೆ ಇಟ್ಟಿರೋದೂ ಇದೇ ಕೆಲಸ ಮಾಡುತ್ತದೆ.

ಹಳೇ ಆಟಗಾರ:

ಕೋಡುಗಾರ ಹೇಳಿದ್ದು ಸರಿ ಇರಬಹುದು, ಆದರೆ ಎಲ್ಲಾ ಮೊಬೈಲ್ ಆಟವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಮೊಬೈಲ್‌ನಲ್ಲಿ ಚೆಸ್ ಆಡುವವರಿದ್ದಾರೆ. ಒಂದೇ ಸಲ ದುಡ್ಡು ಕೊಟ್ಟು ಕೊಂಡು ಕೊನೆತನಕ ಆಡುವ ಆಟಗಳಿವೆ. ಬಟ್ಟೆ ಬಣ್ಣ ಮಾತ್ರ ಮಾರುವ ಆಟಗಳಿವೆ, ಏನು ಕೊಳ್ಳುತ್ತಿದ್ದೀರಿ ಅನ್ನೋದು ಕಣ್ಣೆದುರೇ ಇರುತ್ತದೆ. ಅದು ಖರ್ಚು. ಬೇಡದ ಖರ್ಚೇ ಇರಬಹುದು, ಆದರೂ ಜೂಜಲ್ಲ.

2018ರಲ್ಲಿ ಡೇವಿಡ್ ಝೆಂಡಲ್ ಮತ್ತು ಪಾಲ್ ಕೇರ್ನ್ಸ್ 7,422 ಆಟಗಾರರನ್ನು ಕೇಳಿ ಒಂದು ಅಧ್ಯಯನ ಮಾಡಿದ್ದರು. ಜೂಜಿನ ತೊಂದರೆ ಎಷ್ಟು ಹೆಚ್ಚಿದೆಯೋ, ಗಾಚಾ ಥರವೇ ಒಳಗೇನಿದೆ ಅಂತ ಗೊತ್ತಿಲ್ಲದೆ ಕೊಳ್ಳುವ ಲೂಟ್ ಬಾಕ್ಸ್‌ಗೆ ಸುರಿಯುವ ದುಡ್ಡೂ ಅಷ್ಟು ಜಾಸ್ತಿ ಅಂತ ಸಿಕ್ಕಿತು. ಆದರೆ ಯಾವುದರಿಂದ ಯಾವುದು ಅನ್ನೋದು ಅದರಿಂದ ತೀರ್ಮಾನ ಆಗೋದಿಲ್ಲ. ಬಾಕ್ಸ್ ಜನರನ್ನು ಜೂಜಿಗೆ ಎಳೆಯುತ್ತಿರಬಹುದು, ಇಲ್ಲಾ ಮೊದಲೇ ಜೂಜಿನ ಕಡೆ ವಾಲಿದವರು ಬಾಕ್ಸ್ ಕಡೆ ಬರುತ್ತಿರಬಹುದು. ಗಾಚಾ ಆಡುವ ಬಹಳ ಜನ ಒಂದು ರೂಪಾಯಿಯನ್ನೂ ಕೊಡೋದಿಲ್ಲ. ಜೆಮ್ ಕೂಡಿಟ್ಟು, ಕಾದು, ಬೇಕಾದ ಪಾತ್ರ ಬಂದಾಗ ಮಾತ್ರ ಪುಲ್ ಮಾಡುತ್ತಾರೆ. ಮಳೆಹನಿ ಅವರೇ, ನಿಮ್ಮ ತಮ್ಮ ಇವರಲ್ಲಿ ಯಾರು ಅಂತ ಮೊದಲು ತಿಳಿದುಕೊಳ್ಳಿ.

ಲೆಕ್ಕದ ಮೇಷ್ಟ್ರು:

ಒಂದು ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಓದಿದವರೂ ಇಲ್ಲಿ ಎಡವುತ್ತಾರೆ. ಸಾಧ್ಯತೆ 1% ಅಂತ ಬರೆದಿದ್ದರೆ ನೂರು ಸಲ ಪುಲ್ ಮಾಡಿದರೆ ಬಂದೇ ಬರುತ್ತದೆ ಅಂತ ತುಂಬಾ ಜನ ನಂಬುತ್ತಾರೆ. ಹಾಗಿಲ್ಲ. ನೂರು ಜನ ತಲಾ ನೂರು ಸಲ ಪುಲ್ ಮಾಡಿದರೆ ಸುಮಾರು 63 ಜನಕ್ಕೆ ಸಿಗುತ್ತದೆ, 37 ಜನ ಬರಿಗೈ. ಸಿಕ್ಕವರು ಸ್ಕ್ರೀನ್‌ಶಾಟ್ ಹಾಕುತ್ತಾರೆ, ಆ 37 ಜನ ಸುಮ್ನೆ ಇರುತ್ತಾರೆ. ನೋಡುವವರಿಗೆ ಎಲ್ಲರಿಗೂ ಸಿಗುತ್ತಿದೆ ಅನ್ನಿಸುತ್ತದೆ.

ಇದಕ್ಕೆ ಪರಿಹಾರ ಅಂತ, ಇಷ್ಟು ಪುಲ್ ಒಳಗೆ ಕೊಟ್ಟೇ ಕೊಡುವ ಪಿಟಿ (ಕನಿಕರ) ಅನ್ನೋ ವ್ಯವಸ್ಥೆ ಇಟ್ಟಿರುತ್ತಾರೆ. 2020ರಲ್ಲಿ ಬಂದ ಗೆನ್‌ಶಿನ್ ಇಂಪ್ಯಾಕ್ಟ್ ಆಟವನ್ನೇ ನೋಡಿ. ಐದು ನಕ್ಷತ್ರದ, ಅಂದರೆ ಅತಿ ಅಪರೂಪದ ಪಾತ್ರ ಬರುವ ಮೂಲ ಸಾಧ್ಯತೆ 0.6%. ಆದರೆ 90 ಪುಲ್ ಒಳಗೆ ಐದು ನಕ್ಷತ್ರದ್ದು ಒಂದು ಬಂದೇ ಬರುತ್ತದೆ. ಅದು ನಿಮಗೆ ಬೇಕಾದ ವಿಶೇಷ ಪಾತ್ರವೇ ಆಗಿರಬೇಕಿಲ್ಲ. ಬೇರೆ ಬಂದರೆ ಮುಂದಿನ ಐದು ನಕ್ಷತ್ರದ್ದು ಆ ವಿಶೇಷ ಪಾತ್ರವೇ ಅನ್ನೋದು ಖಾತ್ರಿ, ಅಂದರೆ ನಸೀಬು ಪೂರ್ತಿ ಕೆಟ್ಟರೆ 180 ಪುಲ್. ಆ ಹುಡುಗ ಬಂಗಾರದ ಬೆಳಕು ನೋಡಿಯೂ ಉಸಿರು ಬಿಗಿಹಿಡಿದದ್ದು ಇಂಥದ್ದೇ ನಿಯಮಕ್ಕೆ ಇರಬೇಕು.

ನನ್ನನ್ನು ಹೆಚ್ಚು ಕಾಡೋದು ಇದೇ ಪಿಟಿ. ಕ್ಯಾಸಿನೋದಲ್ಲಿ ರೂಲೆಟ್ ಚಕ್ರದ ಆಟ ಆಡುವವನು 'ಇಷ್ಟು ಸಲ ಕೆಂಪು ಬಂತು, ಇನ್ನು ಕಪ್ಪು ಬರಲೇಬೇಕು' ಅಂದರೆ ಅದು ಅವನ ಭ್ರಮೆ, ಚಕ್ರಕ್ಕೆ ಹಿಂದಿನದು ನೆನಪಿರೋದಿಲ್ಲ. ಗಾಚಾದಲ್ಲಿ ನೆನಪಿರುತ್ತದೆ. 70 ಪುಲ್ ಆಗಿದ್ದರೆ 'ಇನ್ನು 20 ಅಷ್ಟೇ' ಅನ್ನೋದು ನಿಜವಾದ ಲೆಕ್ಕ. ಜೂಜುಕೋರರ ಹಳೆಯ ಭ್ರಮೆಯನ್ನು ಇಲ್ಲಿ ನಿಯಮವನ್ನಾಗಿ ಮಾಡಿದ್ದಾರೆ. ಹಾಗಾಗಿ ಮುಂದುವರಿಯುವವನು ದಡ್ಡ ಅಲ್ಲ, ಅವನ ಲೆಕ್ಕವೇ ಅವನನ್ನು ಹಿಡಿದು ಕೂರಿಸುತ್ತದೆ. ಇಷ್ಟು ಹಾಕಿ ಈಗ ಬಿಟ್ಟರೆ ಹಾಕಿದ್ದೆಲ್ಲ ದಂಡ ಅಂತ ಅನ್ನಿಸುತ್ತದೆ. ಅದರ ಮೇಲೆ ಪಾತ್ರ ಇಷ್ಟು ದಿನ ಮಾತ್ರ ಅಂತ ಗಡಿಯಾರ ಬೇರೆ ಓಡುತ್ತಿರುತ್ತದೆ.

ಕರಿಕೋಟು:

ನಿಮ್ಮ ತಮ್ಮನ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಎಷ್ಟೋ ದೇಶಗಳ ಕಾನೂನು ಹೇಳೋದೂ ಅದನ್ನೇ. ಜೂಜು ಅನ್ನಬೇಕಾದರೆ ಪಣ ಇರಬೇಕು, ಅದೃಷ್ಟ ಇರಬೇಕು, ಗೆದ್ದದ್ದಕ್ಕೆ ದುಡ್ಡಿನ ಬೆಲೆ ಇರಬೇಕು. ಮೂರನೆಯದು ಇಲ್ಲ ಅಂತ ಗಾಚಾ ತಪ್ಪಿಸಿಕೊಳ್ಳುತ್ತದೆ. ಬ್ರಿಟನ್ ಸರ್ಕಾರ ಲೂಟ್ ಬಾಕ್ಸ್‌ಗಳನ್ನು ಜೂಜಿನ ಕಾನೂನಿನ ಕೆಳಗೆ ತರೋದಿಲ್ಲ ಅಂತ 2022ರಲ್ಲಿ ಹೇಳಿಬಿಟ್ಟಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಇಎ ಅನ್ನೋ ಆಟದ ಕಂಪನಿಗೆ, ಫಿಫಾ ಫುಟ್ಬಾಲ್ ಆಟದಲ್ಲಿ ಯಾವ ಆಟಗಾರ ಬರುತ್ತಾನೆ ಅಂತ ಗೊತ್ತಿಲ್ಲದೆ ಕೊಳ್ಳುವ ಪ್ಯಾಕ್‌ಗಳಿಗಾಗಿ ಹಾಕಿದ್ದ 1 ಕೋಟಿ ಯೂರೋ ದಂಡವನ್ನು ಅದೇ ವರ್ಷ ಅಲ್ಲಿನ ಉನ್ನತ ನ್ಯಾಯಾಲಯ ರದ್ದು ಮಾಡಿತು.

ಉಲ್ಟಾ ನಿಂತ ದೇಶಗಳೂ ಇವೆ. ಜಪಾನ್ 2012ರಲ್ಲೇ ಕಂಪ್ಲೀಟ್ ಗಾಚಾ ಅನ್ನೋದನ್ನು, ಅಂದರೆ ಅದೃಷ್ಟದಲ್ಲಿ ಬರುವ ಬಿಡಿಬಿಡಿ ವಸ್ತುಗಳನ್ನೆಲ್ಲ ಜೋಡಿಸಿದರೆ ಮಾತ್ರ ದೊಡ್ಡ ಬಹುಮಾನ ಕೊಡೋದನ್ನು, ಕಾನೂನುಬಾಹಿರ ಅಂತ ಹೇಳಿತು. ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ಕೊಳ್ಳುವ ಲೂಟ್ ಬಾಕ್ಸ್ ಜೂಜೇ ಅಂತ ಸಾರಿತು. ಆದರೆ ಸಾರಿದ ಮಾತ್ರಕ್ಕೆ ನಿಲ್ಲಲಿಲ್ಲ. ಆಮೇಲೆ ನಡೆದ ಒಂದು ಅಧ್ಯಯನದಲ್ಲಿ ಅಲ್ಲಿ ಅತಿ ಹೆಚ್ಚು ದುಡಿಯುವ 100 ಐಫೋನ್ ಆಟಗಳನ್ನು ಪರೀಕ್ಷಿಸಿದಾಗ 82ರಲ್ಲಿ ಇದೇ ಥರದ ಮಾರಾಟ ನಡೆಯುತ್ತಲೇ ಇತ್ತು.

ನನಗೆ ಮುಖ್ಯ ಅನ್ನಿಸುವ ಕೇಸ್ ಬೇರೆ. ಬಿಗ್ ಫಿಶ್ ಕ್ಯಾಸಿನೋ ಅಂತ ಒಂದು ಆ್ಯಪ್. ಅದರಲ್ಲಿ ಚಿಪ್ಸ್ ಕೊಳ್ಳಬಹುದು, ಆಟದ ಒಳಗಿಂದ ಅದನ್ನು ದುಡ್ಡು ಮಾಡಿಕೊಳ್ಳೋಕೆ ಆಗೋದಿಲ್ಲ. ಥೇಟ್ ನಿಮ್ಮ ತಮ್ಮ ಹೇಳಿದ ಪರಿಸ್ಥಿತಿ. 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ವಾಷಿಂಗ್ಟನ್ ರಾಜ್ಯದ ಕಾನೂನಿನ ಪ್ರಕಾರ ಇದು ಜೂಜೇ ಅಂತ ಹೇಳಿತು. ಚಿಪ್ಸ್ ಮುಗಿದರೆ ಆಟ ನಿಲ್ಲುತ್ತದೆ, ಆಟ ಮುಂದುವರಿಸೋಕೆ ಮತ್ತೆ ಚಿಪ್ಸ್ ಬೇಕು, ಹಾಗಾಗಿ ಇನ್ನಷ್ಟು ಆಡುವ ಅವಕಾಶವೇ ಬೆಲೆಬಾಳುವ ವಸ್ತು ಅನ್ನೋದು ಅದರ ತರ್ಕ. ಕೊನೆಗೆ ಕಂಪನಿಗಳು 15.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಅದು ಒಂದು ರಾಜ್ಯದ ಕಾನೂನಿನ ಮಾತು, ಎಲ್ಲಾ ಕಡೆ ನಡೆಯೋದಿಲ್ಲ. ಆದರೆ ದುಡ್ಡು ವಾಪಸ್ ಬರಲ್ಲ ಅನ್ನೋದೊಂದೇ ಉತ್ತರ ಸಾಕಾಗೋದಿಲ್ಲ ಅಂತ ನ್ಯಾಯಾಲಯವೇ ಹೇಳಿದ ಹಾಗಾಯಿತು.

ಸಾಧ್ಯತೆ ಎಷ್ಟು ಅಂತ ಬರೆದಿರುತ್ತಾರಲ್ಲ ಅನ್ನುವವರಿಗೆ ಒಂದು ಮಾತು. ಚೀನಾ 2017ರಿಂದ ಅದನ್ನು ಕಡ್ಡಾಯ ಮಾಡಿತು, ಆಪಲ್ ಕೂಡ ಅದೇ ವರ್ಷದ ಕೊನೆಗೆ ತನ್ನ ಸ್ಟೋರ್‌ನಲ್ಲಿ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಬರೆದದ್ದು ನಿಜವಾ ಅಂತ ಪರೀಕ್ಷಿಸುವವರು ಬೇಕಲ್ಲ. ದಕ್ಷಿಣ ಕೊರಿಯಾದಲ್ಲಿ ಮೇಪಲ್‌ಸ್ಟೋರಿ ಆಟದಲ್ಲಿ ಪಾತ್ರದ ಸಲಕರಣೆಗಳಿಗೆ ಬೆಲೆಬಾಳುವ ಗುಣಗಳು ಬರುವ ಸಾಧ್ಯತೆಯನ್ನು ಆಟಗಾರರಿಗೆ ಹೇಳದೆ ಇಳಿಸಿದ್ದಕ್ಕೆ ನೆಕ್ಸಾನ್ ಕಂಪನಿಗೆ 2024ರ ಜನವರಿಯಲ್ಲಿ 1,160 ಕೋಟಿ ವೊನ್ ದಂಡ ಬಿತ್ತು. ಅದು ಕಂಪ್ಯೂಟರ್ ಆಟ, ಆದರೆ ವ್ಯಾಪಾರ ಇದೇ.

ಮಳೆಹನಿ:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಉತ್ತರ ಅವನಿಗೆ ತೋರಿಸಿದೆ. ಚಿಪ್ಸ್ ಕೇಸ್ ಬಗ್ಗೆ ಏನೂ ಅನ್ನಲಿಲ್ಲ, ಆದರೆ 'ಇನ್ನು 20 ಅಷ್ಟೇ' ಅನ್ನೋ ಸಾಲನ್ನು ಎರಡು ಸಲ ಓದಿದ. ಹಳೇ ಆಟಗಾರರೇ, ಅವನು ಕಾದು ಪುಲ್ ಮಾಡುವವರ ಪೈಕಿ ಅಂತೂ ಅಲ್ಲ. ಈಗ ಮುಂದೇನು ಮಾಡಲಿ? ಜಗಳ ಆಗೋದು ಬೇಡ.

ರಾತ್ರಿಪಾಳಿ:

ಜೂಜು ಹೌದಾ ಅಲ್ವಾ ಅನ್ನೋ ವಾದ ಅಲ್ಲಿಗೇ ಬಿಡಿ ಅಕ್ಕಾ. ಅದರಲ್ಲಿ ನೀವು ಗೆದ್ದರೂ ಅವನು ಆಡೋದು ನಿಲ್ಲಿಸೋದಿಲ್ಲ. ಜೂಜಿನ ಚಟಕ್ಕೆ ನೆರವು ಕೊಡುವ ಸಲಹೆಗಾರರು ಕೇಳುವ ಪ್ರಶ್ನೆಗಳನ್ನೇ ನೀವೂ ಸಮಾಧಾನವಾಗಿ ಕೇಳಿ. ಇಷ್ಟೇ ಖರ್ಚು ಅಂತ ಅಂದುಕೊಂಡು ದಾಟಿದ್ದಿದೆಯಾ? ಹೋದದ್ದು ದಂಡ ಆಗಬಾರದು ಅಂತ ಮತ್ತೆ ಹಾಕಿದ್ದಿದೆಯಾ? ಎಷ್ಟು ಹೋಯಿತು ಅಂತ ಯಾರಿಗಾದರೂ ಕಡಿಮೆ ಹೇಳಿದ್ದಿದೆಯಾ? ಉತ್ತರ ನಿಮಗೆ ಹೇಳಬೇಕಾಗಿಲ್ಲ, ತನಗೆ ತಾನೇ ಹೇಳಿಕೊಂಡರೆ ಸಾಕು. ಮೂರಕ್ಕೂ ಹೌದು ಅಂತ ಬಂದರೆ ಸಲಹೆಗಾರರನ್ನು ನೋಡೋದರಲ್ಲಿ ನಾಚಿಕೆ ಏನಿಲ್ಲ. ಆಟದ ಮೇಲೆ ಹಿಡಿತ ತಪ್ಪೋದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ.

ಆಮೇಲೆ ಆ್ಯಪ್ ಸ್ಟೋರ್‌ನಲ್ಲಿ ಖರೀದಿಯ ಪಟ್ಟಿ ತೆಗೆದು ಅವನೇ ಕೂಡಿಸಲಿ. ಜೆಮ್ ಲೆಕ್ಕ ಬೇಡ, ದುಡ್ಡಿನ ಲೆಕ್ಕ. ನೀವು ಪಕ್ಕದಲ್ಲಿರಿ, ಮೊತ್ತ ನೋಡಿ ಏನೂ ಅನ್ನಬೇಡಿ. ಫೋನ್‌ನಲ್ಲಿ ಉಳಿಸಿರುವ ಕಾರ್ಡ್ ತೆಗೆದುಹಾಕೋಕೆ ಅವನು ಒಪ್ಪಿದರೆ ತುಂಬಾ ಒಳ್ಳೆಯದು. ಪ್ರತಿ ಸಲ ನಂಬರ್ ಹೊಡೆಯಬೇಕು ಅಂದರೆ ಮಧ್ಯೆ ಒಂದು ನಿಮಿಷ ಸಿಗುತ್ತದೆ, ಸೋತ ಬಿಸಿಯಲ್ಲಿ ಕೊಳ್ಳೋದು ಎಷ್ಟೋ ಸಲ ಅಲ್ಲೇ ತಪ್ಪುತ್ತದೆ. ಕಾರ್ಡ್ ತೆಗೆಯಲ್ಲ ಅಂದರೆ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿಕೊಳ್ಳಲಿ. ಆಟದ ನೋಟಿಫಿಕೇಶನ್‌ಗಳನ್ನೂ ಆಫ್ ಮಾಡಿಸಿ, 'ಇನ್ನು ಕೆಲವೇ ಗಂಟೆ' ಅಂತ ಕೂಗೋದು ಅಲ್ಲೇ.