ಕರೆಂಟ್ (ರೇಡಿಯೇಷನ್) ಆದ ಸ್ತನದಲ್ಲೇ ಮತ್ತೆ ಗಂಟು: ಉಳಿಸಿಕೊಂಡವರು ಇದ್ದೀರಾ?

ಗೊಂದಲದಲ್ಲಿ: ಒಂಬತ್ತು ವರ್ಷದ ಹಿಂದೆ ಎಡಗಡೆ ಸ್ತನದ ಕ್ಯಾನ್ಸರ್ ಗಂಟಷ್ಟೇ ತೆಗೆದು 15 ಸಿಟ್ಟಿಂಗ್ ಕರೆಂಟ್ ಕೊಟ್ಟಿದ್ದರು. ಈಗ ಅದೇ ಸ್ತನದ ಬೇರೆ ಭಾಗದಲ್ಲಿ ಒಂದೂವರೆ ಸೆಂಟಿಮೀಟರ್ ಗಂಟು. ಇಆರ್ ಪಾಸಿಟಿವ್ (ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸೋ ಥರದ್ದು), ಕಂಕುಳಲ್ಲಿ ಏನಿಲ್ಲ. ಒಬ್ಬ ಡಾಕ್ಟರ್ ಪೂರ್ತಿ ತೆಗೆಸಿ ಅಂತಾರೆ. ಇನ್ನೊಬ್ಬರು ಗಂಟು ಮಾತ್ರ ತೆಗೆದು ಆ ಜಾಗಕ್ಕಷ್ಟೇ ಮತ್ತೆ ಕರೆಂಟ್ ಕೊಡಬಹುದು ಅಂತಾರೆ. ನೀವೇನು ಮಾಡಿದಿರಿ?

ಸೂಜಿಮಲ್ಲಿಗೆ: ಪೂರ್ತಿ ತೆಗೆಸಿದೆ. ಆದರೆ ‘ತೆಗೆಸಿದರೆ ಮುಗೀತು’ ಅನ್ನೋರನ್ನ ನಂಬಬೇಡಿ. ಒಮ್ಮೆ ಕರೆಂಟ್ ತಿಂದ ಚರ್ಮ ಸುಲಭಕ್ಕೆ ಮಾಯಲ್ಲ. ನನಗೆ ಅದರಡಿಯಲ್ಲೇ ಎಕ್ಸ್‌ಪ್ಯಾಂಡರ್ (ಇಂಪ್ಲಾಂಟ್‌ಗೆ ಜಾಗ ಮಾಡೋಕೆ ಚರ್ಮ ಹಿಗ್ಗಿಸೋ ಚೀಲ) ಇಟ್ಟರು. ಮೊದಲು ಹೊಲಿಗೆಯ ಅಂಚು ಕಪ್ಪಾಯ್ತು, ಆಮೇಲೆ ನೀರು ಜಿನುಗೋಕೆ ಶುರು. ಡ್ರೇನ್ (ನೀರು ಹೊರಗೆ ಹರಿಸೋ ನಳಿಗೆ) ತೆಗೆಯೋ ಹಾಗಿಲ್ಲ, ಆಂಟಿಬಯಾಟಿಕ್ ಬದಲಾಯಿಸಿದ್ದೇ ಬದಲಾಯಿಸಿದ್ದು. ಕೊನೆಗೆ ಎಕ್ಸ್‌ಪ್ಯಾಂಡರ್ ಕಿತ್ತು, ಬೆನ್ನಿನ ಸ್ನಾಯು ತಿರುಗಿಸಿ ತಂದು ಮುಚ್ಚಿದರು. ಈಗ ಬೆನ್ನಲ್ಲೂ ಗೀರು, ಕೈ ಒತ್ತಿದರೆ ಎದೆ ಕುಣಿಯುತ್ತೆ (ನಗಬೇಡಿ, ಸ್ನಾಯುವಿನ ನರ ಹಾಗೇ ಇದೆ). ಇಂಪ್ಲಾಂಟ್ ಬೇಡ, ಮೊದಲೇ ಫ್ಲ್ಯಾಪ್ (ಹೀಗೆ ನಮ್ಮದೇ ಮೈಯಿಂದ ತಂದು ಮುಚ್ಚೋದು) ಕೇಳಿ. ತೆಗೆಸಿದ್ದಕ್ಕೆ ಮಾತ್ರ ಇವತ್ತಿಗೂ ಬೇಜಾರಿಲ್ಲ.

ಎರಡನೇ ಸುತ್ತು: ನಾನು ಉಳಿಸಿಕೊಂಡೆ. 45 ಗ್ರೇ (ಕರೆಂಟ್ ಡೋಸಿನ ಅಳತೆ), ಒಂದೂವರೆ ಗ್ರೇಯಂತೆ 30 ಸಲ, ದಿನಕ್ಕೆರಡು. ಎರಡರ ನಡುವೆ ಆರು ಗಂಟೆ ಬಿಡಬೇಕು, ಹಾಗಾಗಿ ಇಡೀ ದಿನ ಅಲ್ಲೇ ಕಳೀತಿತ್ತು. ಯಾರು ಜೊತೆಗೆ ಕೂರ್ತಾರೆ ದಿನವಿಡೀ? ಮನೆಯವರು ಒಬ್ಬೊಬ್ಬರೇ ಜಾರಿಕೊಂಡರು. ಈಗ ಆ ಭಾಗ ಗಟ್ಟಿ, ಸ್ವಲ್ಪ ಒಳಕ್ಕೆ ಎಳೆದಿದೆ. ಆದರೂ ನನ್ನದೇ. ಗಂಟು 3 ಸೆಂಟಿಮೀಟರ್ ಒಳಗಿರಬೇಕು, ಒಂದೇ ಇರಬೇಕು ಅನ್ನೋದು ಷರತ್ತು. ಈ ಕ್ರಮದ ಅಮೆರಿಕದ ಅಧ್ಯಯನದಲ್ಲಿ ಐದು ವರ್ಷಕ್ಕೆ ಅದೇ ಸ್ತನದಲ್ಲಿ ಮತ್ತೆ ಬಂದದ್ದು ಸುಮಾರು 5% ಮಾತ್ರ. ಪೂರ್ತಿ ತೆಗೆಸಿ ಅನ್ನೋರಿಗೆ ಇದು ಗೊತ್ತೇ ಇರಲ್ಲ.

ಸೂಜಿಮಲ್ಲಿಗೆ: ಗೊತ್ತು ತಾಯಿ. 58 ಜನರ ಅಧ್ಯಯನ ಅದು, ಹೋಲಿಸೋಕೆ ಇನ್ನೊಂದು ಗುಂಪೇ ಇಲ್ಲ. ಅದನ್ನೂ ಬರೀರಿ.

ಎರಡನೇ ಸುತ್ತು: ನಿಮ್ಮ ಎಕ್ಸ್‌ಪ್ಯಾಂಡರ್ ಕಥೆ ಎಷ್ಟು ಜನರ ಅಧ್ಯಯನ?

ಹಳೇ ಹಾಡ್ಕಿನ್: ಇಲ್ಲಿ ಎಲ್ಲರೂ ಕರೆಂಟನ್ನ ಮದ್ದು ಅಂತಲೇ ಮಾತಾಡ್ತೀರಿ. ನನಗೆ ಕ್ಯಾನ್ಸರ್ ಕೊಟ್ಟಿದ್ದೇ ಅದು. ಹದಿನೇಳಕ್ಕೆ ಹಾಡ್ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಎದೆಗೆ ಮ್ಯಾಂಟಲ್ ಕರೆಂಟ್ (ಕುತ್ತಿಗೆ, ಕಂಕುಳು, ಎದೆ ಎಲ್ಲ ಸೇರಿಸಿ ಕೊಡೋದು). ಅಂಥವರಿಗೆ ಕರೆಂಟ್ ಆಗಿ 8 ವರ್ಷಕ್ಕೆ ಅಥವಾ 25ನೇ ವಯಸ್ಸಿಗೆ, ಯಾವುದು ತಡವೋ ಆಗಿನಿಂದ, ವರ್ಷವರ್ಷ ಎಂಆರ್‌ಐ, ಮ್ಯಾಮೊಗ್ರಾಂ ಆಗಬೇಕು. ನನಗೆ ಯಾರೂ ಹೇಳಲಿಲ್ಲ. ಎರಡೂ ಕಡೆ ಬಂತು, ಎರಡೂ ಹೋಯ್ತು. ಕಿಮೋನೂ ಅರ್ಧ ಬಾಗಿಲು ಮುಚ್ಚಿತ್ತು, ಯಾಕಂದ್ರೆ ಡಾಕ್ಸೋರುಬಿಸಿನ್ ಅನ್ನೋ ಕಿಮೋ ಮದ್ದಿಗೆ ಜೀವಮಾನದ ಮಿತಿ ಇದೆ, ಅದರಲ್ಲಿ ಬಹುಪಾಲು ಮೊದಲೇ ಖರ್ಚಾಗಿತ್ತು.

ಎರಡನೇ ಸುತ್ತು: ನಿಮ್ಮ ನೋವು ಅರ್ಥ ಆಗುತ್ತೆ, ಆದರೆ ಅವರನ್ನ ಹೆದರಿಸಬೇಡಿ. ಬೆಳೆಯೋ ವಯಸ್ಸಲ್ಲಿ ಎದೆಗೆ ಬಿದ್ದ ಡೋಸೇ ಬೇರೆ.

ಹಳೇ ಹಾಡ್ಕಿನ್: ‘ಅರ್ಥ ಆಗುತ್ತೆ, ಆದರೆ’ ಅನ್ನೋದು ಕೇಳಿ ಕೇಳಿ ಸಾಕಾಗಿದೆ.

ಅಮ್ಮನ ಮಗ: ನಮ್ಮಮ್ಮ ಕರೆಂಟೇ ಬೇಡ ಅಂದರು, ಚೆನ್ನಾಗಿದ್ದಾರೆ. 2023ರಲ್ಲಿ ಬಂದ ಪ್ರೈಮ್ 2 ಅಧ್ಯಯನದ ಫಲಿತಾಂಶ ನೋಡಿ: ಹತ್ತು ವರ್ಷದಲ್ಲಿ ಕರೆಂಟ್ ಇಲ್ಲದವರಿಗೆ ಅದೇ ಸ್ತನದಲ್ಲಿ 9.5% ಮರಳಿತು, ಕರೆಂಟ್ ಆದವರಿಗೆ 0.9%. ಬದುಕುಳಿದವರ ಪ್ರಮಾಣ ಹೆಚ್ಚುಕಮ್ಮಿ ಒಂದೇ.

ಸೂಜಿಮಲ್ಲಿಗೆ: ಅದು 65 ದಾಟಿದವರದು, ಹಾರ್ಮೋನ್ ಮಾತ್ರೆ ತಗೊಂಡವರದು, ಮೊದಲ ಗಂಟಿನದು. ಕೇಳಿದ್ದು ಎರಡನೇದು!

ಲ್ಯಾಬ್ ಅತ್ತಿಗೆ: ಜಗಳದಲ್ಲಿ ಮುಖ್ಯವಾದ್ದೇ ಬಿಟ್ಟಿರಿ. ಇದು ಹಳೇದು ಮರುಕಳಿಸಿದ್ದೋ, ಹೊಸದೋ? ಎರಡು ವರ್ಷದೊಳಗೆ ಬಂದದ್ದು ಸಾಮಾನ್ಯವಾಗಿ ಕೆಟ್ಟದ್ದು. ನನಗೆ ಹಾಗೇ ಬಂತು, ಆ ಕಥೆ ಬೇಡ ಬಿಡಿ. ಒಂಬತ್ತು ವರ್ಷದ ಅಂತರ, ಬೇರೆ ಭಾಗ ಅಂದರೆ ಹೊಸದಿರೋ ಸಾಧ್ಯತೆ ಜಾಸ್ತಿ, ಮುನ್ನೋಟವೂ ಉತ್ತಮ. ಹಳೇ ಬ್ಲಾಕ್ (ಮೇಣದಲ್ಲಿ ಕಾದಿಟ್ಟ ಹಿಂದಿನ ಗಂಟಿನ ತುಣುಕು) ತರಿಸಿ, ಎರಡನ್ನೂ ಒಬ್ಬರೇ ಪೆಥಾಲಜಿಸ್ಟ್ ಪಕ್ಕಪಕ್ಕ ಇಟ್ಟು ನೋಡಲಿ.

ಅಮ್ಮನ ಮಗ: ಹೃದಯದ ಬಗ್ಗೆ ಯಾರೂ ಮಾತಾಡಲ್ಲ. ಎಡಗಡೆ ಅಲ್ವಾ? ಹೃದಯಕ್ಕೆ ಸರಾಸರಿ ಒಂದು ಗ್ರೇ ಹೆಚ್ಚಾದರೆ ಹೃದಯಾಘಾತದಂಥ ಅಪಾಯ 7.4% ಏರುತ್ತೆ ಅಂತ 2013ರಲ್ಲೇ ಬಂದಿದೆ.

ಎರಡನೇ ಸುತ್ತು: ಅದಕ್ಕೇ ಉಸಿರು ಹಿಡಿಸಿ ಕೊಡ್ತಾರೆ, ಹೃದಯ ಕರೆಂಟಿಂದ ದೂರ ಸರಿಯಲಿ ಅಂತ.

ಸೂಜಿಮಲ್ಲಿಗೆ: ಎಲ್ಲ ಕಡೆ ಎಲ್ಲಿ ಹಿಡಿಸ್ತಾರೆ? ನನಗೆ ಹಿಡಿಸಲೇ ಇಲ್ಲ.

ಎರಡನೇ ಸುತ್ತು: ನಿಮ್ಮದು ಬಲಗಡೆ ಅಂತ ಹೋದ ತಿಂಗಳು ನೀವೇ ಬರೆದಿದ್ರಲ್ಲ.